ನಂಬರ್ ಟೂ ಪಂಪ್, ಪಾರ್ಸೆಲ್!

ಅದು 2009ನೇ ಇಸವಿ. ಹನ್ನೆರಡನೇ ಕ್ಲಾಸಿನಲ್ಲಿ ಎರಡು ಸಲ ಡುಮ್ಕಿ ಹೊಡೆದು, ಠಾಣೆಯ ಒಂದು ಕೊರಿಯರ್ ಆಫೀಸಿನಲ್ಲಿ ಎಂಟು ತಿಂಗಳು ಲಕೋಟೆ ಹಂಚಿ, ಕೊನೆಗೆ ನಾನು ಹಡಗಿಗೆ ಹೋಗುತ್ತೇನೆ ಅಂತ ಮನೆಯಲ್ಲಿ ಘೋಷಿಸಿದ ವರ್ಷ. ಹಡಗು ಅಂದ ಕೂಡಲೇ ಬಿಳಿ ಯೂನಿಫಾರ್ಮು, ಭುಜದ ಮೇಲೆ ಚಿನ್ನದ ಪಟ್ಟಿ ಅಂತೆಲ್ಲ ಯೋಚಿಸಬೇಡಿ. ನಾನು ಹೊರಟಿದ್ದು ಕೆಳಗೆ, ಇಂಜಿನ್ ರೂಮಿಗೆ. ಹತ್ತನೇ ಪಾಸಾಗಿರಬೇಕು, ಕಣ್ಣು ಸರಿ ಇರಬೇಕು, ನವಿ ಮುಂಬಯಿಯಲ್ಲಿ ಆರು ತಿಂಗಳ ಟ್ರೇನಿಂಗ್, ಕೊನೆಗೊಂದು ಪರೀಕ್ಷೆ. ಪಾಸಾದವನಿಗೆ ಮೊದಲು ಸಿಗುವ ಕೆಲಸದ ಹೆಸರು 'ವೈಪರ್'. ಈ ಒಂದು ಹೆಸರಿನಿಂದ ನಮ್ಮ ಮನೆಯಲ್ಲಿ ದೊಡ್ಡ ರಾಮಾಯಣವೇ ಆಯಿತು.

ನಮ್ಮದು ಕುಂದಾಪುರ ಕಡೆ. ಆದರೆ ನಾನು ಹುಟ್ಟಿ ಬೆಳೆದದ್ದೆಲ್ಲ ಡೊಂಬಿವಲಿಯ ಚಾಳಿನಲ್ಲಿ. ಅಪ್ಪಯ್ಯ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಅಡುಗೆಮನೆಯ ಕಿಟಕಿ ನೋಡಿಕೊಳ್ಳುತ್ತಿದ್ದರು. ಹೊರಗಿನಿಂದ ಮಾಣಿಗಳು ಆರ್ಡರ್ ಕೂಗಿದರೆ, ಅದನ್ನು ತಿರುಗಿ ಒಳಗೆ ಭಟ್ಟರಿಗೆ ಕೂಗುವುದು ಅವರ ಕೆಲಸ.

ಆವತ್ತು ಟ್ರೇನಿಂಗಿನ ಫಾರ್ಮು ಕೈಯಲ್ಲಿ ಹಿಡಿದುಕೊಂಡು ಅಪ್ಪಯ್ಯ ಕೇಳಿದರು, "ವೈಪರ್ ಅಂದ್ರೆ ಎಂತದಾ?"

ನಾನೆಂಥ ಪೆದ್ದ ನೋಡಿ. ಇಂಜಿನ್ ನೋಡಿಕೊಳ್ಳುವ ಕೆಲಸ ಅಂದಿದ್ದರೆ ಮುಗಿಯುತ್ತಿತ್ತು. ಹಾಗೆ ಹೇಳುವುದು ಬಿಟ್ಟು, ಕೈಯನ್ನು ಗಾಳಿಯಲ್ಲಿ ಆಚೆ ಈಚೆ ಆಡಿಸಿ, "ಹಿಂಗೆ... ಇಂಜಿನ್ ಒರೆಸೂದು, ಎಣ್ಣೆ ಗಿಣ್ಣೆ ಬಿದ್ದಿದ್ದು ಕ್ಲೀನ್ ಮಾಡೂದು" ಅಂದುಬಿಟ್ಟೆ.

ಅಪ್ಪಯ್ಯನ ಮುಖ ಕೆಂಪಾಯಿತು. ಅವರು ಹನ್ನೆರಡನೇ ವಯಸ್ಸಿಗೆ ಬಸ್ಸು ಹತ್ತಿ ಮುಂಬಯಿಗೆ ಬಂದವರು. ಠಾಣೆಯ ಹೋಟೆಲಿನಲ್ಲಿ ನಾಲ್ಕು ವರ್ಷ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಟೇಬಲ್ ಒರೆಸಿದವರು. ಆ ಬಟ್ಟೆಯ ವಾಸನೆ ಇನ್ನೂ ಕೈಯಿಂದ ಹೋಗಿಲ್ಲ ಅಂತ ಆಗಾಗ ಹೇಳುತ್ತಿದ್ದರು.

"ನಾನ್ ಟೇಬಲ್ ಒರ್ಸಿ ಒರ್ಸಿ ನಿನ್ನ ಓದ್ಸಿದ್ದ್ ನೀ ಹಡ್ಗ್ ಒರ್ಸುಕಾ?" ಅಂತ ಕೂಗಿದರು. ಆರ್ಡರ್ ಕೂಗಿ ಕೂಗಿ ಪಳಗಿದ ದನಿ, ಇಡೀ ಚಾಳಿಗೆ ಸುದ್ದಿ ಮುಟ್ಟಿತು.

ಅಮ್ಮ ಒಳಗಿನಿಂದ ಓಡಿ ಬಂದು, "ಹ್ವಾಯ್, ಮಾಣಿ ಹೇಳುದ್ ಸ್ವಲ್ಪ ಕೇಣಿ" ಅಂದಳು. ಎಲ್ಲಿ ಕೇಳುತ್ತಾರೆ? ವೈಪರಿನಿಂದ ಹಡಗಿನ ಇಂಜಿನ್ ಕಾಯುವ ಮೋಟರ್‌ಮ್ಯಾನ್ ಆಗಬಹುದು, ಆಮೇಲೆ ರಿಪೇರಿ ಮಾಡುವ ಫಿಟ್ಟರ್ ಆಗಬಹುದು ಅಂತ ನಾನು ಎಷ್ಟು ಬಿಡಿಸಿ ಹೇಳಿದರೂ ಅಪ್ಪಯ್ಯ ಗೋಡೆ ನೋಡುತ್ತಾ ಕುಳಿತರು. ಎರಡು ದಿನ ಅಮ್ಮ ಹಿಂದೆ ಬಿದ್ದ ಮೇಲೆ ಫಾರ್ಮಿಗೆ ಸಹಿ ಹಾಕಿದರು. ಆದರೆ ಒಂದು ಶರತ್ತು. "ಪಾಸಾಯ್ಲಿಲ್ಲ ಅಂದ್ರೆ ಸೀದಾ ಬಂದ್ ಹೋಟ್ಲ್ ಕಿಟ್ಕಿಯಗ್ ನನ್ ಪಕ್ಕದಗ್ ನಿಲ್ಕ್. ಮತ್ತೆ ಹಡ್ಗ್ ಗಿಡ್ಗ್ ಅಂದ್ಹೇಳಿ ಬಾಯ್ ಬಿಡೂಕಾಗ."

ಆಮೇಲೆ ಆರು ತಿಂಗಳು 'ವೈಪರ್' ಅನ್ನುವ ಶಬ್ದ ಅವರ ಬಾಯಿಂದ ಬರಲಿಲ್ಲ. ಯಾರಾದರೂ ಕೇಳಿದರೆ, "ಎಂತದೋ ಕೋರ್ಸ್ ಅಂಬ್ರ್" ಅಂತ ಮಾತು ತಿರುಗಿಸುತ್ತಿದ್ದರು.

ಈಗ ಒಂದು ಗುಟ್ಟು ಹೇಳುತ್ತೇನೆ. ಆ ಹೋಟೆಲಿನ ಕಿಟಕಿ ಕಂಡರೆ ನನಗೆ ಯಮನನ್ನು ಕಂಡ ಹಾಗೆ. ಕಾರಣ ಅಪ್ಪಯ್ಯನ ದನಿ. ಸಂಜೆ ಲೋಕಲ್ ಟ್ರೇನಿನಿಂದ ಇಳಿದ ಜನ ಹೋಟೆಲಿಗೆ ನುಗ್ಗುವ ಹೊತ್ತಿಗೆ, "ಟೂ ಮಸಾಲಾ, ವನ್ ಸಾದಾ ಕಡಕ್, ಫೋರ್ ಇಡ್ಲಿ ಪಾರ್ಸೆ...ಲ್" ಅಂತ ಅವರು ಎಳೆದು ಕೂಗಿದರೆ ರಸ್ತೆಯ ಆಚೆ ಬದಿಗೂ ಕೇಳುತ್ತಿತ್ತು. ಶಾಲೆಯ ಹುಡುಗರು ಅದನ್ನು ಅಣಕಿಸುತ್ತಿದ್ದರು. ಅವರ ಜೊತೆ ಆ ದಾರಿಯಲ್ಲಿ ಹೋಗುವ ಪ್ರಸಂಗ ಬಂದರೆ ನಾನು ಚಪ್ಪಲಿ ಸರಿ ಮಾಡಿಕೊಳ್ಳುವವನ ಹಾಗೆ ಹಿಂದೆ ಉಳಿದು, ಇನ್ನೊಂದು ಗಲ್ಲಿಯಿಂದ ಸುತ್ತಿ ಬರುತ್ತಿದ್ದೆ. 'ಅದು ನಮ್ಮಪ್ಪ' ಅಂತ ಒಂದು ದಿನವೂ ಹೇಳಿದವನಲ್ಲ. ಅವರ ದನಿ ನನಗೆ ಬರಬಾರದು ಅಂತ ಹಟ ಹಿಡಿದು ಮೆಲ್ಲಗೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದೆ.

ಒಂದೇ ಒಂದು ಸಲ ನಾನು ಆ ಕಿಟಕಿಯಲ್ಲಿ ನಿಂತದ್ದುಂಟು. ಹತ್ತನೇ ಪರೀಕ್ಷೆ ಮುಗಿದ ರಜೆಯಲ್ಲಿ ಅಪ್ಪಯ್ಯನಿಗೆ ಕಾಮಾಲೆ ಆಗಿ ಮಲಗಿದಾಗ ಎರಡು ತಿಂಗಳು ಅವರ ಬದಲಿಗೆ ನನ್ನನ್ನು ನಿಲ್ಲಿಸಿದ್ದರು. ಹಾಸಿಗೆಯಲ್ಲಿ ಮಲಗಿಕೊಂಡೇ ಅಪ್ಪಯ್ಯ ಪಾಠ ಮಾಡಿದ್ದರು. "ಕೇಂಡದ್ದನ್ನ ತಿರ್ಗಿ ಹೇಳದೆ ಕೈ ಹಾಕೂಕಾಗ. ನೀ ಹೇಳದ್ದ್ ತಪ್ಪಾರೆ ಮಾಣಿ ಅಲ್ಲೇ ತಿದ್ದ್‌ತ. ಹೇಳದೇ ಇದ್ರೆ ತಪ್ಪ್ ಗಿರಾಕಿ ಟೇಬಲ್ಲಿಗೇ ಹೋತ್ತ್." ಆ ಎರಡು ತಿಂಗಳು ನಾನು ಕನಸಿನಲ್ಲೂ ಆರ್ಡರ್ ತಿರುಗಿ ಹೇಳುತ್ತಿದ್ದೆನಂತೆ. ಸಂಜೆ ಹೊತ್ತು ಬರುವ ಗಿರಾಕಿಗಳೆಲ್ಲ ಕಟ್ಟಿಸಿಕೊಂಡು ಹೋಗುವವರೇ ಆದ್ದರಿಂದ ಪ್ರತಿ ಆರ್ಡರಿನ ಬಾಲದಲ್ಲೂ ಒಂದು ಪಾರ್ಸೆಲ್ ಇರುತ್ತಿತ್ತು.

ಸರಿ, ಟ್ರೇನಿಂಗ್ ಶುರುವಾಯಿತು. ನೆರೂಳಿನ ಆಚೆ ಸಂಸ್ಥೆಯ ಹಾಸ್ಟೆಲಿನಲ್ಲಿ ವಾಸ. ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಓಡಿಸುತ್ತಿದ್ದರು. ಲೈಫ್ ಜಾಕೆಟ್ ಕಟ್ಟಿ, ಮೂಗು ಮುಚ್ಚಿಸಿ, ಎತ್ತರದಿಂದ ಈಜುಕೊಳಕ್ಕೆ ಹಾರಿಸಿದರು. ಕರಾವಳಿಯವನು ಅಂತ ಎಲ್ಲರೂ ನನ್ನನ್ನೇ ಮುಂದೆ ತಳ್ಳಿದರು. ಡೊಂಬಿವಲಿಯ ಚಾಳಿನಲ್ಲಿ ನೀರು ಬರುವುದೇ ಬೆಳಿಗ್ಗೆ ಒಂದು ಗಂಟೆ, ನಾನು ಈಜು ಎಲ್ಲಿ ಕಲಿಯಲಿ? ಹಾರುವಾಗ 'ಅಮ್ಮಾ' ಅಂದದ್ದು ನಿಜ, ಸುಳ್ಳು ಯಾಕೆ ಹೇಳಲಿ.

ಪಂಪು, ವಾಲ್ವು, ಫಿಲ್ಟರು ಎಲ್ಲ ಬಾಯಿಪಾಠ ಮಾಡಿದೆ. ನನ್ನ ತೊಂದರೆ ಒಂದೇ, ದನಿ. ಅಲ್ಲಿ ಕಲಿಸುವ ಮಾಸ್ಟರು ದಿನಾ ಬೈಯುತ್ತಿದ್ದರು. "ಅರೆ, ಹೆಣ್ಣು ನೋಡೋಕೆ ಬಂದವರ ಎದುರು ಕೂತಿದ್ದೀಯಾ? ಇಂಜಿನ್ ರೂಮಿನಲ್ಲಿ ನಿನ್ನ ಮಾತು ನಿನಗೇ ಕೇಳೋದಿಲ್ಲ!" ನನ್ನ ಬ್ಯಾಚಿನ ಕಲ್ಯಾಣದ ಸಾವಂತನಂತೂ ನನಗೆ 'ನವೀ ನವರೀ' ಅಂತಲೇ ಹೆಸರಿಟ್ಟಿದ್ದ. ಮರಾಠಿಯಲ್ಲಿ ಹಾಗೆಂದರೆ ಹೊಸ ಮದುಮಗಳು.

ಪರೀಕ್ಷೆಯ ದಿನ ಬಂತು. ಲಿಖಿತ ಪರೀಕ್ಷೆ ಹೇಗೋ ದಾಟಿತ್ತು. ಉಳಿದದ್ದು ಬಾಯಿಪರೀಕ್ಷೆ. ಸಂಸ್ಥೆಯ ಹಿಂದೆ ಒಂದು ದೊಡ್ಡ ಶೆಡ್ಡು. ಅದರೊಳಗೆ ಹಳೇ ಹಡಗಿನಿಂದ ಕಿತ್ತು ತಂದ ಇಂಜಿನು, ಎರಡು ಪಂಪು, ಒಂದರಿಂದ ಆರರವರೆಗೆ ನಂಬರ್ ಬರೆದ ವಾಲ್ವುಗಳು. ಪರೀಕ್ಷೆ ಮಾಡಲು ಬಂದಿದ್ದವರು ಮೂವತ್ತು ವರ್ಷ ಹಡಗಿನಲ್ಲಿ ದುಡಿದ ಒಬ್ಬ ಮುದಿ ಚೀಫ್ ಇಂಜಿನಿಯರ್ ಸಾಹೇಬರು. ಬಿಳಿ ಮೀಸೆ, ನಗು ಅನ್ನುವುದು ಹುಟ್ಟಿನಿಂದ ಇಲ್ಲ.

ಮೊದಲ ಎರಡು ಪ್ರಶ್ನೆಗೂ ಎಂದಿನ ಹಾಗೆ ಮೆಲ್ಲಗೇ ಬಾಯಿ ಬಿಟ್ಟೆ. ಉತ್ತರ ಗೊತ್ತು, ದನಿ ಬರುತ್ತಿಲ್ಲ. ಸಾಹೇಬರು ಕಿವಿಗೆ ಕೈ ಹಿಡಿದು, "ಕ್ಯಾ? ಕ್ಯಾ?" ಅಂತ ಕೇಳಿ ಕೇಳಿ ಬೇಸತ್ತು ಕಾಗದದ ಮೇಲೆ ಎಂತದೋ ಗೀಚಿದರು. ಮುಗಿಯಿತು ಕಥೆ ಅಂದುಕೊಂಡೆ. ಕಣ್ಣೆದುರು ಆ ಕಿಟಕಿ ಬಂದು ನಿಂತಿತು.

ಕೊನೆಯದು ಪ್ರಾಕ್ಟಿಕಲ್. ಶೆಡ್ಡಿನಲ್ಲಿ ದೊಡ್ಡ ಬ್ಲೋವರ್ ಹಾಕಿ ಇಂಜಿನ್ ರೂಮಿನಂಥ ಸದ್ದು ಮಾಡಿದ್ದರು. ಸಾಹೇಬರು ಮೇಲಿನ ಕಬ್ಬಿಣದ ಜಾಲರಿಯ ಅಟ್ಟದಲ್ಲಿ ನಿಂತು ಹುಕುಂ ಕೊಡುತ್ತಾರೆ, ನಾವು ಕೆಳಗೆ ಮಾಡಬೇಕು. ನನಗಿಂತ ಮುಂಚೆ ಹೋದ ನಾಲ್ವರೂ ಹುಕುಂ ಕೇಳಿ ತಲೆ ಆಡಿಸಿ, ಓಡಿಹೋಗಿ ಯಾವುದೋ ವಾಲ್ವು ತಿರುಗಿಸಿ ಬೈಸಿಕೊಂಡಿದ್ದರು. ಸಾವಂತ ನಾಲ್ಕನೆಯದರ ಬದಲು ಐದನೆಯದನ್ನು ತೆರೆದು ಮೈಯೆಲ್ಲ ನೀರು ಹಾರಿಸಿಕೊಂಡು ಬಂದಿದ್ದ.

ನಾನು ಕೆಳಗೆ ನಿಂತೆ. ತಲೆಯ ಮೇಲೆ ದಡದಡ ಸದ್ದು, ಮೈಯೆಲ್ಲ ಬೆವರು, ಎಣ್ಣೆಯ ವಾಸನೆ. ಮೇಲಿನಿಂದ ಯಾರೋ ಅವಸರದಲ್ಲಿ ಕೂಗುತ್ತಿದ್ದಾರೆ. ಸಂಜೆ ಏಳರ ಹೋಟೆಲಿಗೂ ಇದಕ್ಕೂ ಎಂತ ವ್ಯತ್ಯಾಸ ಹೇಳಿ? ಸಾಹೇಬರು ಕೂಗಿದರು: "ನಂಬರ್ ಫೋರ್ ವಾಲ್ವ್ ಓಪನ್! ನಂಬರ್ ಟೂ ಪಂಪ್ ಸ್ಟಾರ್ಟ್!"

ಆಗ ನನ್ನ ಗಂಟಲೊಳಗೆ ಎಂತದು ಹೊಕ್ಕಿತೋ ದೇವರೇ ಬಲ್ಲ. ಎದೆ ಉಬ್ಬಿಸಿ, ಕೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು, ನಾನು ಕೂಗಿಬಿಟ್ಟೆ:

"ಫೋ...ರ್ ವಾಲ್ವ್! ಟೂ ಪಂ...ಪ್! ಪಾರ್ಸೆ...ಲ್!"

ಅದು ನನ್ನ ದನಿಯಲ್ಲ, ಸಾಕ್ಷಾತ್ ಅಪ್ಪಯ್ಯನದು. ಬ್ಲೋವರಿನ ಸದ್ದನ್ನೂ ಮೀರಿ ಶೆಡ್ಡಿನ ತಗಡಿಗೆ ಬಡಿದು ವಾಪಸು ಬಂತು. ಆಫೀಸಿನ ಗುಮಾಸ್ತರು ಬಾಗಿಲಿಗೆ ಬಂದು ಇಣುಕಿದರು. ಸಾವಂತ ಹೊಟ್ಟೆ ಹಿಡಿದುಕೊಂಡು ಕೆಳಗೆ ಕುಳಿತ.

ಸಾಹೇಬರು ಬ್ಲೋವರ್ ಬಂದ್ ಮಾಡಿಸಿದರು. ಒಂದೊಂದೇ ಮೆಟ್ಟಿಲು ಇಳಿದು ಬಂದರು. "ಎಷ್ಟು ಪಂಪು?" ಅಂತ ಹಿಂದಿಯಲ್ಲಿ ಕೇಳಿದರು.

"ಎರಡು, ಸರ್."

"ನಾನು ಎರಡು ಪಂಪು ಅಂದೆನಾ, ಎರಡನೇ ನಂಬರಿನ ಪಂಪು ಅಂದೆನಾ?"

ಅಯ್ಯೋ ಕರ್ಮವೇ! ಹೋಟೆಲಿನಲ್ಲಿ ಮೊದಲು ಹೇಳುವ ಅಂಕೆ ಅಂದರೆ ಅಷ್ಟು ಪ್ಲೇಟು ಅಂತ ಅರ್ಥ. ಅದೇ ಲೆಕ್ಕದಲ್ಲಿ ನಾನು ನಾಲ್ಕು ವಾಲ್ವು ತೆರೆದು ಎರಡೂ ಪಂಪು ಶುರು ಮಾಡಲು ಹೊರಟಿದ್ದೆ. "ನಂಬರ್ ಟೂ ಅಂದ್ರಿ, ಸರ್" ಅಂತ ಒಪ್ಪಿಕೊಂಡೆ.

"ಮತ್ತೆ ಪಾರ್ಸೆಲ್ ಯಾರಿಗೆ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಹೋಟೆಲು, ಕಿಟಕಿ, ಕಾಮಾಲೆ, ಎಲ್ಲ ಒದರಿದೆ. ಕೇಳಿದ್ದನ್ನು ತಿರುಗಿ ಹೇಳದೆ ಕೈ ಹಾಕಬಾರದು ಅಂತ ನಮ್ಮಪ್ಪ ಕಲಿಸಿದ್ದಾರೆ, ಅದಕ್ಕೇ ಬಾಯಿಗೆ ಬಂದುಬಿಟ್ಟಿತು ಸರ್ ಅಂದೆ. ಜನ್ಮದಲ್ಲಿ ಮೊದಲ ಸಲ ನಾನು ನಾಲ್ಕು ಜನರ ಎದುರು 'ನಮ್ಮಪ್ಪ ಹೋಟೆಲಿನಲ್ಲಿ ಕೂಗುತ್ತಾರೆ' ಅಂತ ಹೇಳಿದ್ದು ಅದೇ.

ಸಾಹೇಬರು ನಗುತ್ತಿದ್ದವರ ಕಡೆ ತಿರುಗಿದರು. "ಯಾಕೆ ನಗ್ತೀರಿ? ಇವನು ತಪ್ಪು ಹೇಳಿದ, ಸರಿ. ಆದರೆ ಮೊದಲು ಬಾಯಲ್ಲಿ ಹೇಳಿದ, ಆದ್ದರಿಂದ ನಾನು ತಡೆದೆ. ನೀವೆಲ್ಲ ತಲೆ ಆಡಿಸಿದಿರಿ, ವಾಲ್ವು ತಿರುಗಿಸಿದ ಮೇಲೆ ತಪ್ಪು ಗೊತ್ತಾಯಿತು. ಹಡಗಿನಲ್ಲಿ ಅಷ್ಟು ಹೊತ್ತಿಗೆ ನೀರು ಒಳಗೆ ಬಂದಿರುತ್ತದೆ." ಆಮೇಲೆ ನನಗೆ, "ಇನ್ನೊಂದು ಸಲ ಹೇಳು. ಸರಿಯಾಗಿ" ಅಂದರು.

ಮತ್ತೆ ಬ್ಲೋವರ್ ಹಾಕಿದರು, ಮತ್ತೆ ಹುಕುಂ ಬಂತು. "ನಂಬರ್ ಫೋರ್ ವಾಲ್ವ್ ಓಪ...ನ್! ನಂಬರ್ ಟೂ ಪಂಪ್ ಸ್ಟಾ...ರ್ಟ್!" ಅಂತ ಕೂಗಿದೆ. ನಾಲಿಗೆಯ ತುದಿಗೆ ಬಂದಿದ್ದ ಪಾರ್ಸೆಲನ್ನು ಹಲ್ಲು ಕಚ್ಚಿ ತಡೆದುಕೊಂಡೆ. ವಾಲ್ವು ತೆರೆಯಿತು, ಪಂಪು ಗುರ್ ಅಂತು.

ನಾಲ್ಕು ಗಂಟೆಗೆ ಬೋರ್ಡಿನ ಮೇಲೆ ಪಾಸಾದವರ ಪಟ್ಟಿ ಬಂತು. ನನ್ನ ಹೆಸರಿತ್ತು! ಮೂರು ಸಲ ಓದಿದೆ. ಮಾಸ್ಟರು ಒಳಗೆ ಕರೆದು ಸಾಹೇಬರು ನನ್ನ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದನ್ನು ತೋರಿಸಿದರು. 'ದನಿ ದೊಡ್ಡದಿದೆ. ಹುಕುಂ ತಿರುಗಿ ಹೇಳುತ್ತಾನೆ. ಪಾರ್ಸೆಲ್ ಬೇಡ' ಅಂತಿತ್ತು.

ನೆರೂಳಿನಲ್ಲಿ ಟ್ರೇನು ಹಿಡಿದು, ಠಾಣೆಯಲ್ಲಿ ಬದಲಿಸಿ, ಒಂದು ಕಾಲಿನ ಮೇಲೆ ನಿಂತು ಡೊಂಬಿವಲಿ ಮುಟ್ಟಿದೆ. ದಾರಿಯುದ್ದಕ್ಕೂ ಅಪ್ಪಯ್ಯನಿಗೆ ಹೇಗೆ ಹೇಳುವುದು ಅಂತಲೇ ಯೋಚನೆ. ಕಾಲುಗಳು ಮನೆಗೆ ಹೋಗುವ ಬದಲು ಹೋಟೆಲಿಗೆ ಹೋದವು. ಆವತ್ತು ಸುತ್ತಿನ ಗಲ್ಲಿ ಹಿಡಿಯಲಿಲ್ಲ, ಸೀದಾ ಎದುರು ಬಾಗಿಲಿನಿಂದಲೇ ಹೊಕ್ಕೆ.

ಒಳಗೆ ಕಾಲಿಡಲು ಜಾಗವಿಲ್ಲ. ಅಪ್ಪಯ್ಯ ಕಿಟಕಿಯಲ್ಲಿ ಅಡುಗೆಮನೆಯ ಕಡೆ ಮುಖ ಮಾಡಿ ನಿಂತಿದ್ದರು. ಮಾಣಿಗಳು ಹಿಂದಿನಿಂದ ಕೂಗುತ್ತಿದ್ದರು, ಅವರು ತಿರುಗಿ ನೋಡದೆ ಒಳಗೆ ದಾಟಿಸುತ್ತಿದ್ದರು. ಈ ಗದ್ದಲದಲ್ಲಿ ಹತ್ತಿರ ಹೋಗಿ ಮಾತಾಡುವುದು ಸಾಧ್ಯವೇ ಇರಲಿಲ್ಲ. ನಾನು ಟೇಬಲುಗಳ ನಡುವೆ ನಿಂತು, ಕೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದು ಕೂಗಿದೆ:

"ವನ್ ವೈಪರ್ ಪಾ...ಸ್!"

ಅಪ್ಪಯ್ಯ ಹಿಂದುಮುಂದು ನೋಡಲಿಲ್ಲ. ಮೂವತ್ತು ವರ್ಷದ ಅಭ್ಯಾಸ. ಎದೆ ತುಂಬ ಉಸಿರೆಳೆದು ಒಳಗೆ ಕೂಗಿಯೇಬಿಟ್ಟರು: "ವನ್ ವೈಪರ್ ಪಾ...ಸ್!"

ಆರು ತಿಂಗಳು ಬಾಯಿಗೆ ತಾರದ ಶಬ್ದ, ಇಡೀ ಹೋಟೆಲಿಗೆ ಕೇಳುವ ಹಾಗೆ! ಒಳಗಿನಿಂದ ಭಟ್ಟರು ಸೌಟು ಹಿಡಿದುಕೊಂಡೇ ಕಿಟಕಿಗೆ ತಲೆ ಹಾಕಿದರು. "ಎಂತದಾ ಅದ್? ವೈಪರ್ ಅಂದ್ಹೇಳಿ ನಮ್ಮಲ್ಲಿ ಎಂತದೂ ಇಲ್ಯಲೆ?"

ಅಪ್ಪಯ್ಯ ಆಗ ತಿರುಗಿದರು. ನನ್ನನ್ನು ನೋಡಿದರು. ನಾನು ತಲೆ ಆಡಿಸಲಿಲ್ಲ, ಬಾಯಿಬಿಟ್ಟೇ ಹೇಳಿದೆ, "ಪಾಸ್, ಅಪ್ಪಯ್ಯ." ಅವರು ಹೆಗಲ ಮೇಲಿನ ಬಟ್ಟೆಯಿಂದ ಮುಖ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಆಮೇಲೆ ಭಟ್ಟರ ಕಡೆ ತಿರುಗಿ ಹೇಳಿದರು.

"ಇತ್ತ್ ಮಾರಾಯಾ. ನಮ್ ಮಾಣಿ. ಪಾರ್ಸೆಲ್ಲ್, ಹಡ್ಗಿಗೆ."

ಆಮೇಲೆ ನಾನು ವೈಪರ್ ಆದೆ, ಮೋಟರ್‌ಮ್ಯಾನ್ ಆದೆ, ಈಗ ಫಿಟ್ಟರ್. ಹಡಗಿನಲ್ಲಿ ಹುಕುಂ ಬಂದಾಗ ತಿರುಗಿ ಕೂಗುತ್ತೇನೆ, ನನ್ನ ದನಿ ದೊಡ್ಡದು ಅಂತ ಎಲ್ಲರಿಗೂ ಗೊತ್ತು. ಅಪ್ಪಯ್ಯ ಈಗ ಕೆಲಸ ಬಿಟ್ಟು ಮನೆಯಲ್ಲಿದ್ದಾರೆ. ಯಾವುದೋ ಬಂದರಿನಿಂದ ಫೋನು ಮಾಡಿದರೆ, "ಹೊತ್ತ್‌ಹೊತ್ತಿಗ್ ಉಣ್ಣ್, ಬಿಸಿ ಪೈಪಿಗ್ ಕೈ ಹಾಕ್‌ಬೇಡ" ಅನ್ನುತ್ತಾರೆ. ನಾನು ಹ್ಞೂಂ ಅಂದರೆ ಬಿಡುವುದಿಲ್ಲ, "ತಿರ್ಗಿ ಹೇಳ್" ಅನ್ನುತ್ತಾರೆ. ಆ ದನಿ ಕೇಳಿ ನಾಚಿಕೊಂಡು ಗಲ್ಲಿ ಸುತ್ತಿ ಓಡಿಹೋಗುತ್ತಿದ್ದೆನಲ್ಲ ಅಂತ ಈಗಲೂ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ. ಹಾಗಾಗಿ ಅಕ್ಕಪಕ್ಕ ಯಾರೇ ಇದ್ದರೂ ಇಡೀ ಬಂದರಿಗೆ ಕೇಳುವ ಹಾಗೆ ಕೂಗಿ ಹೇಳುತ್ತೇನೆ: "ಹೊತ್ತ್‌ಹೊತ್ತಿಗ್ ಉಣ್ತೆ, ಅಪ್ಪಯ್ಯಾ! ಬಿಸಿ ಪೈಪಿಗ್ ಕೈ ಹಾಕುದಿಲ್ಲ!"