ಆಯುಧಪೂಜೆ ಮುಗಿಸಿದ ಟ್ರ್ಯಾಕ್ಟರ್ ಹೊರಡಲೇ ಇಲ್ಲ

ಡೀಸೆಲ್ ಉಂಟು. ಬ್ಯಾಟರಿ ಉಂಟು. ಡ್ರೈವರ್ ಉಂಟು. ಟ್ರ್ಯಾಕ್ಟರ್ ಮಾತ್ರ ಸ್ಟಾರ್ಟ್ ಆಗುವುದಿಲ್ಲ!

ಆಯುಧಪೂಜೆ ಕಳೆದ ನಾಲ್ಕನೇ ದಿನ ಬೆಳಗ್ಗೆ ಎಂಟು ಗಂಟೆಗೆ ನಮ್ಮ ಅಂಗಳದ ಪರಿಸ್ಥಿತಿ ಇದು. ಸುಂಟಿಕೊಪ್ಪದಿಂದ ಗೊಬ್ಬರದ ಮೂಟೆ ಬರಬೇಕು, ಮಧ್ಯಾಹ್ನದ ಒಳಗೆ ಕಾಫಿ ಗಿಡದ ಬುಡ ಸೇರಬೇಕು. ಮಳೆ ಬಿಡುವು ಕೊಟ್ಟು ಎರಡೇ ದಿನ ಆಗಿತ್ತು. ಮತ್ತೆ ಯಾವಾಗ ಶುರುಮಾಡುತ್ತದೋ ಮಳೆಗೇ ಗೊತ್ತಿಲ್ಲ. ಗೊಬ್ಬರ ಹಾಕಲು ಬಂದ ಆರು ಜನ ಹೆಂಗಸರು ಬಕೆಟ್ ಬೋರಲು ಹಾಕಿಕೊಂಡು ಅದರ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಅವರು ಕುಳಿತಷ್ಟೂ ನನ್ನ ತಲೆ ಬಿಸಿಯಾಗುತ್ತಿತ್ತು.

ನಮ್ಮ ಡ್ರೈವರ್ ಹೆಸರು ಮಣಿ. ಅವನ ಅಪ್ಪ ಅಮ್ಮ ತೋಟದ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಇವನು ಹುಟ್ಟಿದ್ದು ಇಲ್ಲೇ, ಬೆಳೆದದ್ದು ಇಲ್ಲೇ. ಹದಿನಾಲ್ಕು ವರ್ಷದಿಂದ ನಮ್ಮಲ್ಲಿದ್ದಾನೆ, ಕೆಲಸದವರಿಗೆಂದು ಸಾಲಾಗಿ ಕಟ್ಟಿಸಿದ ನಮ್ಮ ಲೈನ್ ಮನೆಯಲ್ಲೇ ಸಂಸಾರ. ಮಾತು ಕಡಿಮೆ. (ನಮ್ಮ ಮನೆಯಲ್ಲಿ ಆ ಕೊರತೆ ತುಂಬಲು ನಾನಿದ್ದೇನೆ.)

ಕೀ ತಿರುಗಿಸಿದರೆ ಗರ್ ಗರ್ ಗರ್ ಎಂದು ಇಂಜಿನ್ ಚೆನ್ನಾಗಿಯೇ ತಿರುಗುತ್ತದೆ. ಅಂದರೆ ಬ್ಯಾಟರಿಯ ತಪ್ಪಿಲ್ಲ. ಮಣಿ ಟ್ಯಾಂಕಿಗೆ ಒಂದು ಕಡ್ಡಿ ಇಳಿಸಿ ನೋಡಿದ. ಅರ್ಧಕ್ಕಿಂತ ಹೆಚ್ಚೇ ಡೀಸೆಲ್ ಇತ್ತು. ಏರ್ ಹಿಡಿದಿರಬಹುದು ಎಂದುಕೊಂಡು ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತಿದ. ನಾಲ್ಕು ಗುಳ್ಳೆ ಬಂತು, ಆಮೇಲೆ ತಿಳಿ ಡೀಸೆಲ್. ಸ್ಕ್ರೂ ಬಿಗಿ ಮಾಡಿ ಮತ್ತೆ ಕೀ ತಿರುಗಿಸಿದ.

ಗರ್ ಗರ್ ಗರ್. ಅಷ್ಟೇ.

"ಹೊಗೆ ಬರ್ತಾ ಇಲ್ಲ ಅಕ್ಕ" ಎಂದ.

"ಸ್ಟಾರ್ಟೇ ಆಗದೆ ಹೊಗೆ ಎಲ್ಲಿಂದ ಬರ್ತದೆ?" ಎಂದೆ.

"ಇಲ್ಲಕ್ಕ, ತಿರುಗುವಾಗ ಸ್ವಲ್ಪ ಬಿಳಿ ಹೊಗೆ ಬರ್ಬೇಕು. ಬಂದ್ರೆ ಡೀಸೆಲ್ ಒಳಗೆ ಹೋಗ್ತಾ ಉಂಟು ಅಂತ ಲೆಕ್ಕ. ಇದು ಒಂದು ತೊಟ್ಟೂ ಹೋಗ್ತಾ ಇಲ್ಲ."

ಸ್ಪ್ಯಾನರ್ ತೆಗೆದು ಇಂಜಿನ್ನಿಗೆ ಡೀಸೆಲ್ ಒಯ್ಯುವ ಸಣ್ಣ ಪೈಪಿನ ನಟ್ ಸಡಿಲಿಸಿದ. ನನಗೇ ಕೀ ತಿರುಗಿಸಲು ಹೇಳಿದ. ತಿರುಗಿಸಿದೆ. ಪೈಪಿನ ಬಾಯಿ ಒಣಗಿಕೊಂಡೇ ಇತ್ತು. ಡೀಸೆಲ್ ಪಂಪಿನ ತನಕ ಬಂದಿದೆ, ಪಂಪು ಮುಂದೆ ಕಳಿಸುತ್ತಿಲ್ಲ. ಪಂಪು ಬಿಚ್ಚಬೇಕಾದರೆ ಕುಶಾಲನಗರಕ್ಕೆ ಒಯ್ಯಬೇಕು. ಅದು ಇವತ್ತಿನ ಮಾತಲ್ಲ, ಈ ವಾರದ ಮಾತೂ ಅಲ್ಲ.

ಪೂಜೆಯ ದಿನ ಸರಿ ಇದ್ದ ಪಂಪು ಮಲಗಿದಲ್ಲೇ ಹೇಗೆ ಹಾಳಾಗುತ್ತದೆ?

ಇಲ್ಲಿ ನಮ್ಮ ಮನೆಯ ಪದ್ಧತಿ ಒಂದನ್ನು ಹೇಳಬೇಕು. ಬೇರೆಯವರು ಪೂಜೆ ಮುಗಿದ ತಕ್ಷಣ ಗಾಡಿಯನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಒಂದು ಸುತ್ತು ಹೊಡೆಸುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಕತ್ತಿ, ಗುದ್ದಲಿ, ಟ್ರ್ಯಾಕ್ಟರ್ ಎಲ್ಲಕ್ಕೂ ಪೂಜೆಯ ನಂತರ ಮೂರು ದಿನ ರಜೆ. ವರ್ಷವಿಡೀ ದುಡಿದವು ಮಲಗಲಿ ಎಂಬುದು ನಮ್ಮ ಅತ್ತೆಯವರು ಮಾಡಿಟ್ಟ ಕಾನೂನು. ಇನ್ನೊಂದು ಕಾನೂನೂ ಉಂಟು. ಹೂವು ಕಟ್ಟಿದ ಕೈಯೇ ಅದನ್ನು ತೆಗೆಯಬೇಕು, ಬೇರೆಯವರು ಮುಟ್ಟಬಾರದು. ಅತ್ತೆ ತೀರಿಕೊಂಡ ಮೇಲೆ ನಾನು ಅವರಿಗಿಂತ ಹೆಚ್ಚು ಕಟ್ಟುನಿಟ್ಟು. (ಸೊಸೆಯಂದಿರ ಹಣೆಬರಹವೇ ಇಷ್ಟು.)

ಆ ಮೂರು ದಿನದಲ್ಲಿ ಎರಡು ದಿನ ನಾನು ಶನಿವಾರಸಂತೆಯ ತವರಿನಲ್ಲಿದ್ದೆ. ಶೆಡ್ಡಿನ ಕೀ ಮಣಿಯ ಹತ್ತಿರ ಇತ್ತು. ಹಬ್ಬದ ರಜೆಯಲ್ಲಿ ಡ್ರೈವರ್‌ಗಳು ಯಜಮಾನರಿಗೆ ಹೇಳದೆ ಬಾಡಿಗೆ ಹೊಡೆಯುತ್ತಾರೆ ಎಂದು ಯಾರೋ ಮದುವೆಮನೆಯಲ್ಲಿ ಹೇಳಿದ್ದು ಸರಿಯಾಗಿ ಆ ಹೊತ್ತಿಗೇ ನೆನಪಾಗಬೇಕೆ? ಕೆಟ್ಟ ಮಾತಿಗೆ ನೆನಪಿನ ಶಕ್ತಿ ಜಾಸ್ತಿ.

"ಮೂರು ದಿನ ಗಾಡಿ ಮುಟ್ಟಬಾರದು ಅಂದಿದ್ದೆನಲ್ಲ ಮಣಿ? ಯಾರ ತೋಟಕ್ಕೆ ಹೊಡ್ಕೊಂಡು ಹೋಗಿದ್ದೆ?"

ಮಣಿ ಆಗ ಇಂಜಿನ್ನಿನ ಪಕ್ಕ ಬಗ್ಗಿ ಪಂಪಿನ ಹಿಂದೆ ಟಾರ್ಚ್ ಬಿಟ್ಟು ನೋಡುತ್ತಿದ್ದ. ತಲೆ ಎತ್ತಿದ. ಏನೋ ಹೇಳಲು ಬಾಯಿ ತೆರೆದ, ಹಿಂದೆ ಕುಳಿತಿದ್ದ ಹೆಂಗಸರನ್ನು ನೋಡಿದ, ಬಾಯಿ ಮುಚ್ಚಿದ.

"ನಾನು ಮುಟ್ಟಿಲ್ಲ ಅಕ್ಕ" ಎಂದ, ಅಷ್ಟೇ.

"ಮುಟ್ಟದೆ ತನ್ನಷ್ಟಕ್ಕೇ ಹಾಳಾಯ್ತಾ? ಸುಳ್ಳು ಹೇಳುವಾಗಲೂ ಸ್ವಲ್ಪ ನಂಬುವ ಹಾಗೆ ಹೇಳ್ಬೇಕು!"

ಎಲೆಯಡಿಕೆ ಅಗಿಯುವ ಸದ್ದು ನಿಂತಿತು. ಮಣಿ ಕೈ ಒರೆಸಿಕೊಂಡ. ಟ್ರ್ಯಾಕ್ಟರಿನ ಕೀ ತಂದು ಜಗಲಿಯ ಮೇಲೆ ನನ್ನ ಪಕ್ಕದಲ್ಲಿಟ್ಟು ಗೇಟಿನ ಕಡೆ ನಡೆದ. ಹೋಗುತ್ತಾ ಯಾರಿಗೋ ಫೋನ್ ಮಾಡುತ್ತಿದ್ದ. ಬೇರೆ ತೋಟದ ಆಳುಕಾಳು ನೋಡಿಕೊಳ್ಳುವ ರೈಟರ್‌ಗೆ ಫೋನ್ ಹಚ್ಚಿದನೇ? ಕೆಲಸ ಬಿಟ್ಟನೇ? ಆದರೂ ಕರೆಯಲಿಲ್ಲ. ತಪ್ಪು ಅವನದು ಎಂದ ಮೇಲೆ ನಾನು ಯಾಕೆ ಕರೆಯಲಿ?

ಅರ್ಧ ಗಂಟೆಯಲ್ಲಿ ಸುಂಟಿಕೊಪ್ಪದ ಮೆಕ್ಯಾನಿಕ್ ಅಶ್ರಫ್ ಸ್ಕೂಟರಿನಲ್ಲಿ ಬಂದ. ಮಣಿ ಫೋನ್ ಮಾಡಿದ್ದು ಇವನಿಗೇ. ಅಶ್ರಫ್ ಟೂಲ್ಸ್ ಚೀಲ ಸ್ಕೂಟರಿನಿಂದ ಇಳಿಸಲೇ ಇಲ್ಲ. ನೆಟ್ಟಗೆ ಹೋಗಿ ಪಂಪಿನ ಹಿಂದೆ ಕೈ ಹಾಕಿದ, ಏನನ್ನೋ ಜಗ್ಗಿ ಕಿತ್ತು ನನ್ನ ಮುಂದೆ ಹಿಡಿದ.

"ಇದು ಯಾವ ಕಂಪನಿಯ ಪಾರ್ಟ್ ಅಕ್ಕ?"

ಬಾಳೆನಾರು! ಒಣಗಿ, ಗ್ರೀಸ್ ಮೆತ್ತಿ ವೈರಿನ ಬಣ್ಣಕ್ಕೆ ತಿರುಗಿದ ಬಾಳೆನಾರು. ಅದರಲ್ಲಿ ಇನ್ನೂ ನಾಲ್ಕು ಚೆಂಡುಹೂವಿನ ಎಸಳು ಅಂಟಿಕೊಂಡಿತ್ತು.

ಕಟ್ಟಿದ್ದು ನಾನೇ. ವರ್ಷವಿಡೀ ದುಡಿಯುವುದು ಇಂಜಿನ್, ಹಾರ ಮಾತ್ರ ಮೂತಿಗೆ ಯಾಕೆ ಎಂಬ ಸಮಾಜವಾದ ಈ ಸಲ ನನಗೆ ಬಂದಿತ್ತು. ಮೂತಿಗೆ ದೊಡ್ಡ ಹಾರ ಹಾಕಿ, ಇಂಜಿನ್ನಿನ ಪಕ್ಕ ಪಂಪಿನ ಹಿಂದೆ ಚಾಚಿಕೊಂಡಿದ್ದ ಒಂದು ಸಣ್ಣ ಹಿಡಿಯನ್ನು ಎಳೆದು, ಪಕ್ಕದ ಪೈಪಿಗೆ ಸೇರಿಸಿ, ಹೂವಿನ ಸಮೇತ ಬಿಗಿಯಾಗಿ ಬಿಗಿದಿದ್ದೆ. ಡೀಸೆಲ್ ಟ್ರ್ಯಾಕ್ಟರ್ ಕೀ ತಿರುಗಿಸಿದರೆ ನಿಲ್ಲುವುದಿಲ್ಲ ನೋಡಿ. ಸೀಟಿನ ಮುಂದಿರುವ ಸ್ಟಾಪ್ ಗುಬುಟು ಎಳೆದರೆ ಆ ಹಿಡಿ ವಾಲಿ ಡೀಸೆಲ್ ಕಟ್ ಆಗುತ್ತದೆ, ಇಂಜಿನ್ ನಿಲ್ಲುತ್ತದೆ. ನಾನು ಅದನ್ನು ವಾಲಿಸಿಯೇ ಕಟ್ಟಿಹಾಕಿದ್ದೆ. ಮುಂದಿನ ಗುಬುಟು ಒಳಗೆ ಹೊರಗೆ ಸಲೀಸಾಗಿ ಆಡುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಆವತ್ತು ಬೆಳಗ್ಗೆ ನನ್ನ ಕೈಯಾರೆ ಮೂತಿಯ ಹಾರ ತೆಗೆದಿದ್ದೆ. ಒಳಗಿನದು ಮರೆತೇಹೋಗಿತ್ತು.

ಅಶ್ರಫ್ ಕೀ ತಿರುಗಿಸಿದಾಗ ಎರಡು ಸಲ ಬಿಳಿ ಹೊಗೆ ಬಂತು, ಮೂರನೇ ಸಲಕ್ಕೆ ಗುಡುಗಿತು. ಗೇಟಿನ ಹತ್ತಿರವೇ ನಿಂತಿದ್ದ ಮಣಿ ಬಂದು ಸೀಟು ಹತ್ತಿ ಗೊಬ್ಬರ ತರಲು ಹೊರಟ, ಹೆಂಗಸರು ಬಕೆಟ್ ಎತ್ತಿಕೊಂಡರು. ನಾನು ಅಶ್ರಫ್‌ಗೆ ದುಡ್ಡು ಕೊಡಲು ಹೋದೆ.

"ಬೇಡ ಅಕ್ಕ. ಕಂಡುಹಿಡಿದದ್ದು ನಾನಲ್ಲ" ಎಂದ.

"ಮತ್ತೆ?"

"ಮಣಿ ಫೋನಲ್ಲೇ ಹೇಳಿದ, ಸ್ಟಾಪ್ ಲಿವರ್‌ಗೆ ಪೂಜೆಯ ನಾರು ಸಿಕ್ಕಿಕೊಂಡುಂಟು ಅಂತ. ನೀನೇ ಬಿಚ್ಚು ಮಾರಾಯ ಅಂದೆ. ಕಟ್ಟಿದವರೇ ಬಿಚ್ಚಬೇಕಂತೆ, ಅವನು ಮುಟ್ಟೋ ಹಾಗಿಲ್ಲವಂತೆ. ಹಾಗಾದ್ರೆ ಅಕ್ಕನಿಗೆ ತೋರಿಸು ಅಂದೆ. ಇಷ್ಟು ಜನರ ಎದುರು ಹೇಗೆ ತೋರಿಸೋದು, ಅಕ್ಕನಿಗೆ ಬೇಜಾರಾಗ್ತದೆ ಅಂದ."

ಅಯ್ಯೋ ದೇವರೇ. ಟಾರ್ಚ್ ಬಿಟ್ಟು ನೋಡಿ ಬಾಯಿ ತೆರೆದದ್ದು ಅದನ್ನು ಹೇಳಲೇ ಇರಬೇಕು. ಒಂದು ಬೆರಳು ತೋರಿಸಿದ್ದರೆ ಅವನ ಮಾನ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ಸುಳ್ಳ ಎನಿಸಿಕೊಂಡೂ ಅವನು ನನ್ನ ಮಾನ ಕಾಯುತ್ತಾ ನಿಂತಿದ್ದ.

ಯೋಚಿಸಿ ನೋಡಿ. ಇಂಜಿನ್ ಕೆಟ್ಟಾಗ ಮಣಿ ಸಣ್ಣದರಿಂದ ಶುರುಮಾಡಿದ. ಬ್ಯಾಟರಿ, ಟ್ಯಾಂಕ್, ಗಾಳಿ, ಪೈಪು. ಕೊನೆಗೇ ಪಂಪಿನ ಮಾತು. ನಾನು ಮನುಷ್ಯನ ವಿಷಯದಲ್ಲಿ ಏನು ಮಾಡಿದೆ? ಶುರುವಿನಲ್ಲೇ ಕಳ್ಳತನ! ಹದಿನಾಲ್ಕು ವರ್ಷ ನೋಡಿದ ಮನುಷ್ಯನಿಗೆ ಒಂದು ಡೀಸೆಲ್ ಪಂಪಿಗೆ ಕೊಡುವಷ್ಟು ಸಾವಧಾನವನ್ನೂ ಕೊಡಲಿಲ್ಲ. ನಾಚಿಕೆಯಾಯಿತು. ಈಗ ಬರೆಯುವಾಗಲೂ ಆಗುತ್ತಿದೆ.

ಸಂಜೆ ಹೆಂಗಸರೆಲ್ಲ ಹೋಗುವವರೆಗೆ ಕಾದೆ. ಆಮೇಲೆ ಶೆಡ್ಡಿಗೆ ಹೋದೆ. ಮಣಿ ಟ್ರೈಲರಿಗೆ ನೀರು ಬಿಟ್ಟು ಗೊಬ್ಬರದ ಪುಡಿ ತೊಳೆಯುತ್ತಿದ್ದ.

"ತಪ್ಪಾಯ್ತು ಮಣಿ. ಬಾಯಿಗೆ ಬಂದದ್ದು ಹೇಳಿಬಿಟ್ಟೆ" ಎಂದೆ.

"ಬಿಡಿ ಅಕ್ಕ" ಎಂದ.

ಇನ್ನೇನು, ಹಗುರಾಗಿ ಮನೆಗೆ ಹೊರಟೆ. ಹತ್ತು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಕರೆದ.

"ಅಕ್ಕ, ಆ ಹೆಂಗಸರಿಗೂ ಒಂದು ಮಾತು ಹೇಳ್ಬಿಡಿ. ಮಧ್ಯಾಹ್ನ ಊಟಕ್ಕೆ ಹೋದಾಗ ಮಗಳು ಕೇಳಿದ್ಲು, ಅಪ್ಪ ನೀನು ಗಾಡಿ ಕದ್ದು ಬಾಡಿಗೆಗೆ ಹೋಗಿದ್ಯಾ ಅಂತ. ನಾನು ಇಲ್ಲ ಅಂದೆ. ಅವಳು ಸುಮ್ಮನೆ ನೋಡ್ತಾ ಇದ್ಲು."

ಎಂಟು ಗಂಟೆಗೆ ನಾನು ಆಡಿದ ಮಾತು ಒಂದು ಗಂಟೆಗೆ ಲೈನ್ ಮನೆ ತಲುಪಿ, ಅವನ ಅನ್ನದ ತಟ್ಟೆಯ ಪಕ್ಕ ಕುಳಿತಿತ್ತು. ನಾನು ಶೆಡ್ಡಿನ ಮೂಲೆಯಲ್ಲಿ ಪಿಸುಗುಟ್ಟಿದ ತಪ್ಪಾಯ್ತು ಅಲ್ಲಿಯವರೆಗೆ ಹೋಗುತ್ತದೆಯೇ?

ಮರುದಿನ ಬೆಳಗ್ಗೆ ಹಾಜರಿ ಹೊತ್ತಿಗೆ ಆರೂ ಜನರ ಎದುರು, ಮಣಿಯನ್ನೂ ನಿಲ್ಲಿಸಿಕೊಂಡು ಹೇಳಿದೆ. ಗಾಡಿ ಕೆಟ್ಟದ್ದು ನಾನು ಕಟ್ಟಿದ ನಾರಿನಿಂದ, ಮಣಿ ಗಾಡಿ ಮುಟ್ಟಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ ಎಂದೆ. ಇಷ್ಟು ಹೇಳಲು ಮೂರು ಸಲ ಮೊದಲಿನಿಂದ ಶುರುಮಾಡಬೇಕಾಯಿತು. ಹಿಂದಿನ ದಿನ ಬೈಗುಳ ಮಾತ್ರ ಒಂದೇ ಉಸಿರಿಗೆ ಬಂದಿತ್ತು! ಹೆಂಗಸರಲ್ಲಿ ಹಿರಿಯಳಾದ ಕಮಲ ಬಾಯಿಯ ಎಲೆಯಡಿಕೆ ಆಚೆ ಉಗಿದು ಬಂದು, "ಮಣಿ ಹಂಗೆಲ್ಲ ಮಾಡಲ್ಲ ಅಂತ ನಮಗೆ ನಿನ್ನೇನೇ ಗೊತ್ತಿತ್ತಕ್ಕ. ನಿಮಗೆ ಯಾರು ಹೇಳೋದು?" ಎಂದಳು.

ಹೌದಲ್ಲ, ಬೈಯುವಾಗ ಆರು ಜನ ಕೇಳಲಿ ಎಂದು ದನಿ ಎತ್ತಿದವಳು ನಾನು, ತಪ್ಪಾಯ್ತು ಅನ್ನಲು ಮಾತ್ರ ಅವರು ಮನೆಗೆ ಹೋಗಲಿ ಎಂದು ಯಾಕೆ ಕಾದೆ?