ಕತ್ತರಿಯ ಪರದೇಶ

ಪರದೇಶದಲ್ಲಿ ಓದಿ ಬಂದವರು ಸಾಮಾನ್ಯವಾಗಿ ಎರಡು ವಸ್ತು ತರುತ್ತಾರೆ. ಒಂದು ಪದವಿ, ಇನ್ನೊಂದು ಉಪನ್ಯಾಸ. ಪದವಿಯನ್ನು ತಮ್ಮ ಗೋಡೆಗೆ ತಗುಲಿಹಾಕುತ್ತಾರೆ, ಉಪನ್ಯಾಸವನ್ನು ನಮ್ಮ ಕೊರಳಿಗೆ ತಗುಲಿಹಾಕುತ್ತಾರೆ. ಅಲ್ಲಿಯ ಜನ ಹೇಗೆ ಸಾಲಿನಲ್ಲಿ ನಿಲ್ಲುತ್ತಾರೆ, ಹೇಗೆ ಮೆಲ್ಲಗೆ ಮಾತಾಡುತ್ತಾರೆ, ನಾವು ಎಂಥ ಕತ್ತೆಗಳು ಎಂಬುದನ್ನು ಕೇಳಿ ಕೇಳಿ ಊರಿನ ಕಿವಿ ತೂತಾಗಿದೆ. ನಮ್ಮೂರಿನ ಕತ್ತರಿ ಎಂಬುವನು ಮಾತ್ರ ಉಪನ್ಯಾಸ ತರಲಿಲ್ಲ. ಈಗ ಅವನು ಕಾಲೇಜಿನಲ್ಲಿ ಕೊಳಚೆ ನೀರು ಶುದ್ಧ ಮಾಡುವ ವಿದ್ಯೆ ಕಲಿಸುತ್ತಾನೆ. ಭಾನುವಾರ ಅಪ್ಪನ ಅಂಗಡಿಯಲ್ಲಿ ಹೊಸದಾಗಿ ಹಾಕಿದ ಎರಡನೇ ಕುರ್ಚಿಯ ಹಿಂದೆ ನಿಲ್ಲುತ್ತಾನೆ. ಅವನು ಅಲ್ಲಿ ನಿಲ್ಲುವುದು ಸುಲಭಕ್ಕೆ ಆದದ್ದಲ್ಲ.

ಕತ್ತರಿ ಎಂಬುದು ಶಾಲೆಯಲ್ಲಿ ಅಂಟಿದ ಹೆಸರು. ಅಪ್ಪನ ಕ್ಷೌರದಂಗಡಿ ಶಾಲೆಯ ಎದುರಿಗೇ ಇತ್ತು. ಕ್ಲಾಸಿನಲ್ಲಿ ಲೆಕ್ಕ ತಪ್ಪಿದರೆ ಮೇಷ್ಟ್ರು ‘ಲೇ ಕತ್ತರಿ, ನಿನಗ್ಯಾಕೋ ಈ ತಲೆನೋವು, ತಲೆ ಬೋಳಿಸ್ಕೊಂಡಿರು’ ಅನ್ನುವರು. ಸಂಜೆ ಅದೇ ಮೇಷ್ಟ್ರು ಅದೇ ಅಂಗಡಿಯಲ್ಲಿ ಕಣ್ಣು ಮುಚ್ಚಿ ತಲೆ ಒಪ್ಪಿಸಿ ಕೂರುವರು. ಕಟಿಂಗ್ ಮುಗಿದ ಮೇಲೆ ಅಪ್ಪ ಬಟ್ಟೆಯ ತುದಿಯಿಂದ ಕತ್ತಿನ ಹಿಂಭಾಗ ಒರೆಸಿ, ಹೆಗಲ ಮೇಲೆ ಎರಡು ಸಲ ತಟ್ಟುತ್ತಿದ್ದ. ತಟ್ಟಿದ್ದೇ ತಡ, ಗಿರಾಕಿ ಗಲ್ಲ ಸಡಿಲ ಬಿಟ್ಟು ಕತ್ತು ಎಡಕ್ಕೆ ವಾಲಿಸಬೇಕು. ಅಪ್ಪ ಗದ್ದ ಹಿಡಿದು ಲಟಕ್ಕನೆ ನೆಟಿಗೆ ತೆಗೆಯುತ್ತಿದ್ದ. ಆಮೇಲೆ ಬಲಕ್ಕೆ. ಊರಿನ ದೊಡ್ಡ ಮನುಷ್ಯರೆಲ್ಲ ತಲೆ ತಗ್ಗಿಸುತ್ತಿದ್ದ ಜಾಗ ಅದೊಂದೇ. ಅದನ್ನೂ ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದರು.

ಅದೇ ಶಾಲೆಯಲ್ಲಿ, ಅದೇ ಬೆಂಚಿನಲ್ಲಿ ವಕೀಲರ ಮಗನಿದ್ದ. ಪರದೇಶದ ವಿದ್ಯಾರ್ಥಿವೇತನ ಊರಿನಲ್ಲಿ ಇಬ್ಬರಿಗೆ ಸಿಕ್ಕಿತು. ಕತ್ತರಿಗೆ ಓದಿದ್ದಕ್ಕೆ ಸಿಕ್ಕಿತು. ವಕೀಲರ ಮಗನಿಗೆ ಹೇಗೆ ಸಿಕ್ಕಿತು ಅಂತ ಕೇಳುವುದು ಗಾಳಿ ಯಾಕೆ ಬೀಸಿತು ಅಂತ ಕೇಳಿದ ಹಾಗೆ.

ಹೊರಡುವ ದಿನ ಅಪ್ಪ ಮಗನ ಚೀಲದಲ್ಲಿ ಒಂದು ಕತ್ತರಿ, ಎರಡು ಬಾಚಣಿಗೆ, ಮಡಿಸಿದ ಬಿಳಿ ಬಟ್ಟೆ ತುರುಕುತ್ತಿದ್ದ.

“ನಾನು ಓದೋಕೆ ಹೋಗ್ತಿರೋದು ಕಣಪ್ಪ.”

“ತಲೆ ಇಲ್ಲದ ದೇಶಕ್ಕೇನೂ ಹೋಗ್ತಿಲ್ವಲ್ಲ. ಇಟ್ಕೋ.”

“ಯಾರಾದ್ರೂ ನೋಡಿದ್ರೆ ಏನಂದ್ಕೊಳ್ತಾರೆ?”

ಅಪ್ಪ ಬಟ್ಟೆಯನ್ನು ಇನ್ನಷ್ಟು ಒಳಕ್ಕೆ ತುರುಕಿದ. ಅವನಿಗೆ ಅರ್ಥವಾಗಲಿಲ್ಲ ಅಂತಲ್ಲ. ಅಮ್ಮ ಒಳಗಿನಿಂದಲೇ ಅಂದಳು: “ಬಚ್ಚಿಟ್ಟು ತಗೊಂಡು ಹೋಗೋ ಹಾಗಿದ್ರೆ ಬಿಟ್ಟೇ ಹೋಗು. ಅದೇನು ಕದ್ದ ಮಾಲಾ?”

ಬಿಟ್ಟು ಹೋಗುವ ಧೈರ್ಯವೂ ಇರಲಿಲ್ಲ. ಅಂಗಿಗಳ ಕೆಳಗೆ ಬಚ್ಚಿಟ್ಟುಕೊಂಡೇ ಹೋದ.

ಪರದೇಶದ ಹಾಸ್ಟೆಲ್ಲಿನಲ್ಲಿ ನಾನಾ ದೇಶಗಳ ಮಕ್ಕಳಿದ್ದರು. ಗೋಡೆಯ ಮೇಲೆ ಜಗತ್ತಿನ ದೊಡ್ಡ ನಕ್ಷೆ, ಯಾರು ಎಲ್ಲಿಂದ ಬಂದರೋ ಅಲ್ಲಿಗೊಂದು ಬಣ್ಣದ ಗುಂಡುಸೂಜಿ. ಗುಂಡುಸೂಜಿ ಚುಚ್ಚಿದ ಮೇಲೆ ಸಂಸ್ಕೃತಿ ವಿನಿಮಯ ಮುಗಿಯಿತು ಅಂತ ಆಡಳಿತದವರು ತಿಳಿದಿದ್ದರು. ನೆಲ ಒರೆಸುವ ಹೆಂಗಸೂ ಬೇರೆ ದೇಶದಿಂದಲೇ ಬಂದವಳು. ಅವಳಿಗೆ ಗುಂಡುಸೂಜಿ ಇರಲಿಲ್ಲ. ರಜೆಯಲ್ಲಿ ವಿದ್ಯಾರ್ಥಿಗಳನ್ನು ಬಸ್ಸಿಗೆ ತುಂಬಿ ಅಕ್ಕಪಕ್ಕದ ದೇಶಗಳನ್ನು ತೋರಿಸುತ್ತಿದ್ದರು. ಇಳಿ, ನೋಡು, ಫೋಟೋ ತೆಗಿ, ಹತ್ತು. ವಕೀಲರ ಮಗ ಮ್ಯೂಸಿಯಮ್ಮಿನಲ್ಲಿ ಸತ್ತ ರಾಜರ ಪಿಂಗಾಣಿ ಪಾತ್ರೆಗಳ ಮುಂದೆ ನಿಂತು ತನ್ನ ಫೋಟೋ ತೆಗೆಸಿಕೊಳ್ಳುತ್ತಿದ್ದ. ಕತ್ತರಿ ಮೆಲ್ಲಗೆ ಗುಂಪಿನಿಂದ ಜಾರಿ ಪಕ್ಕದ ಬೀದಿಯ ಕ್ಷೌರದಂಗಡಿಯ ಗಾಜಿನ ಮುಂದೆ ನಿಲ್ಲುತ್ತಿದ್ದ. ಒಂದೂರಿನಲ್ಲಿ ಕುರ್ಚಿಗಳು ಕನ್ನಡಿಗೆ ಬೆನ್ನು ಮಾಡಿದ್ದವು, ಇನ್ನೊಂದರಲ್ಲಿ ಗಿರಾಕಿ ಮಲಗೇ ಬಿಟ್ಟಿದ್ದ. ಒಳಗೆ ಕಾಲಿಡುತ್ತಿರಲಿಲ್ಲ. ತಾನು ನಿಂತಿರುವ ಭಂಗಿ ನೋಡಿಯೇ ಒಳಗಿನವನು ‘ನೀನೂ ನಮ್ಮವನೇ’ ಅಂದುಬಿಟ್ಟರೆ ಎಂಬ ಭಯ.

ಯಾರಾದರೂ ಅಪ್ಪನ ಬಗ್ಗೆ ಕೇಳಿದರೆ, “ಸ್ವಂತ ಸಂಸ್ಥೆ ನಡೆಸ್ತಾರೆ” ಅನ್ನುತ್ತಿದ್ದ. ಹರಿದ ರೆಕ್ಸಿನ್ನಿನ ಕುರ್ಚಿ, ಎದುರುಬದುರು ಎರಡು ಕನ್ನಡಿ, ಒಂದು ಬೆಂಚು, ಪಟಿಕದ ಒಂದು ತುಂಡು. ಸಂಸ್ಥೆ ಅಂದರೆ ಇಷ್ಟು. ವಕೀಲರ ಮಗ ಪಕ್ಕದಲ್ಲೇ ಇದ್ದು ಕೇಳಿಸಿಕೊಂಡು ಸುಮ್ಮನಿರುತ್ತಿದ್ದ. ಆ ಮೌನ ದೊಡ್ಡ ಉಪಕಾರ ಅಂತ ಕತ್ತರಿ ನಂಬಿದ್ದ. ಬೆಪ್ಪ.

ಅವನು ತನ್ನ ಕೂದಲನ್ನು ಸ್ನಾನದ ಕೋಣೆಯಲ್ಲಿ ಹಿಂದೊಂದು ಮುಂದೊಂದು ಕನ್ನಡಿ ಇಟ್ಟುಕೊಂಡು ತಾನೇ ಕತ್ತರಿಸಿಕೊಳ್ಳುತ್ತಿದ್ದದ್ದನ್ನು ರೂಮಿನ ಜೊತೆಗಾರ ನೋಡಿಬಿಟ್ಟ. ಇದೇನಿದು ಅಂದಾಗ ಕತ್ತರಿ ‘ಹವ್ಯಾಸ’ ಅಂದ. ತಾತ ಮುತ್ತಾತಂದಿರ ಕಾಲದಿಂದ ಹೊಟ್ಟೆ ಹೊರೆದ ಕಸುಬಿಗೆ ಹವ್ಯಾಸ ಅಂತ ಹೆಸರಿಟ್ಟ. ಆಮೇಲೆ ಹಾಸ್ಟೆಲ್ಲಿನ ತಲೆಗಳೆಲ್ಲ ಒಂದೊಂದಾಗಿ ಅವನ ಕೋಣೆಗೆ ಬಂದವು. ಬಿಗಿಯಾಗಿ ಸುರುಳಿ ಸುತ್ತಿದ ಕೂದಲಿನವನೊಬ್ಬ, ಬಾಚಣಿಗೆ ಇಟ್ಟರೆ ಬಾಚಣಿಗೆಯ ಹಲ್ಲೇ ಮುರಿಯಿತು. ಕತ್ತರಿ ಬೆರಳಿನಿಂದಲೇ ದಾರಿ ಮಾಡುವುದನ್ನು ಕಲಿತ. ಇನ್ನೊಬ್ಬ, ಕೈಯ ಕತ್ತರಿ ಕಚಕ್ಕೆಂದಾಗಲೆಲ್ಲ, ಥ್ಯಾಂಕ್ಸ್ ಹೇಳುತ್ತಿದ್ದ. ದ್ವೀಪದ ಹುಡುಗಿಯೊಬ್ಬಳು ತನ್ನ ಕೂದಲು ನೆಲಕ್ಕೆ ಬೀಳಬಾರದು ಅಂತ ಪೇಪರ್ ಹಾಸಿಸಿ, ಮುಗಿದ ಮೇಲೆ ಪೊಟ್ಟಣ ಕಟ್ಟಿಕೊಂಡು ಹೋಗುತ್ತಿದ್ದಳು. ಯಾಕೆ ಅಂತ ಅವಳು ಹೇಳಲಿಲ್ಲ, ಇವನು ಕೇಳಲಿಲ್ಲ. ಬಸ್ಸಿನ ಕಿಟಕಿಯಲ್ಲಿ ನಾಲ್ಕು ದೇಶ ನೋಡಿದ್ದಕ್ಕಿಂತ ಆ ಪ್ಲಾಸ್ಟಿಕ್ ಕುರ್ಚಿಯ ಹಿಂದೆ ಅವನು ನೋಡಿದ್ದು ಹೆಚ್ಚು.

ನೆಟಿಗೆ ಮಾತ್ರ ಯಾರಿಗೂ ತೆಗೆಯುತ್ತಿರಲಿಲ್ಲ. ಹವ್ಯಾಸದವರು ನೆಟಿಗೆ ತೆಗೆಯುವುದಿಲ್ಲ. ಅದು ಅಂಗಡಿಯವರ ಕೆಲಸ, ತೆಗೆದರೆ ಗುಟ್ಟು ರಟ್ಟು.

ಹಾಸ್ಟೆಲ್ಲಿನಲ್ಲಿ ಒಬ್ಬ ಉದ್ದ ಕತ್ತಿನವನಿದ್ದ, ಚಳಿ ದೇಶದವನು. ಕತ್ತರಿ ಮನಸ್ಸಿನಲ್ಲೇ ಅವನಿಗೆ ಕೊಕ್ಕರೆ ಅಂತ ಹೆಸರಿಟ್ಟಿದ್ದ. ಪರೀಕ್ಷೆ ಮುಗಿದ ಮಧ್ಯಾಹ್ನ ಕೊಕ್ಕರೆ ಬಂದು ಕೂತ. ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಇಬ್ಬರಿಗೂ ಓದಿ ಓದಿ ತಲೆ ಬಿಸಿಯಾಗಿತ್ತು. ಕಟಿಂಗ್ ಇನ್ನೂ ಅರ್ಧ ಆಗಿದ್ದಾಗಲೇ ಕೊಕ್ಕರೆ ತೂಕಡಿಸಿ, ಅಪ್ಪನ ಅಂಗಡಿಯ ಹಳೇ ಗಿರಾಕಿಗಳ ಹಾಗೆಯೇ ಗಲ್ಲ ಸಡಿಲ ಬಿಟ್ಟ. ಕತ್ತರಿಯ ಮನಸ್ಸು ಎಲ್ಲಿತ್ತೋ. ಕೈ ಮಾತ್ರ, ಕಟಿಂಗ್ ಮುಗಿಯಿತು ಅಂದುಕೊಂಡು, ಅಪ್ಪನ ಅಂಗಡಿಗೆ ಹೋಗಿಬಿಟ್ಟಿತ್ತು. ಒರೆಸಿತು, ಎರಡು ಸಲ ತಟ್ಟಿತು, ಗದ್ದ ಹಿಡಿಯಿತು. ಲಟಕ್.

ಕೊಕ್ಕರೆ ಕುರ್ಚಿ ಉರುಳಿಸಿ ಎದ್ದ. ಕೊರಳಿಗೆ ಕಟ್ಟಿದ ಬಿಳಿ ಬಟ್ಟೆ ಹಾರಾಡುತ್ತಿದ್ದ ಹಾಗೇ, ಅರ್ಧ ತಲೆಯ ಕೂದಲು ಮೈಮೇಲೆ ಅಂಟಿಸಿಕೊಂಡು, ಕತ್ತು ಎರಡೂ ಕೈಯಲ್ಲಿ ಹಿಡಿದುಕೊಂಡು ಮೊಗಸಾಲೆಯುದ್ದಕ್ಕೂ ಓಡಿದ. ಇವನು ನನ್ನ ಕತ್ತು ಮುರಿಯೋಕೆ ನೋಡಿದ ಅಂತ ಮೂರು ಮಹಡಿಗೆ ಕೇಳುವ ಹಾಗೆ ಕೂಗಿದ. ಕತ್ತಿಗೆ ಏನೂ ಆಗಿರಲಿಲ್ಲ. ಆದರೆ ತೂಕಡಿಸುತ್ತಿದ್ದವನ ಕತ್ತು ತಿರುವುವುದು ಆ ದೇಶದಲ್ಲಿ ಕೊಲೆಗಾರರ ಕೆಲಸ, ಕ್ಷೌರಿಕರದ್ದಲ್ಲ.

ಸಂಜೆಯೊಳಗೆ ಕತ್ತರಿಯನ್ನು ಬೇರೆ ಕೋಣೆಗೆ ಹಾಕಿದರು. ಮೂರು ಜನರ ವಿಚಾರಣೆ ಸಮಿತಿ ಆಯಿತು. ಹಲ್ಲೆ ಅಂತ ತೀರ್ಮಾನವಾದರೆ ಕಾಲೇಜಿನಿಂದ ಹೊರಗೆ, ಆ ದೇಶದಿಂದಲೇ ಹೊರಗೆ. ಅರ್ಧ ಓದಿದ ಓದು ಹೊತ್ತುಕೊಂಡು, ಸಹಪಾಠಿಯ ಕತ್ತು ಮುರಿಯಲು ಹೋದವನು ಅನ್ನಿಸಿಕೊಂಡು ಊರಿಗೆ ವಾಪಸು. ಇದು ನಮ್ಮ ಕಡೆ ಎಲ್ಲ ಅಂಗಡಿಯಲ್ಲೂ ಮಾಡುವುದೇ ಅಂತ ಇನ್ನೊಬ್ಬ ಹೇಳಿದರೆ ಅವನು ಬಚಾವು. ಹಾಗೆ ಹೇಳಬಲ್ಲವನು ಆ ಇಡೀ ಕಾಲೇಜಿನಲ್ಲಿ ಒಬ್ಬನೇ ಇದ್ದ.

ವಕೀಲರ ಮಗ ಬಟ್ಟೆ ಒಗೆಯುವ ಮೆಷಿನ್ನಿನ ಮುಂದೆ ನಿಂತು ಒಳಗೆ ಸುತ್ತುವ ತನ್ನ ಅಂಗಿ ನೋಡುತ್ತಿದ್ದ.

“ಒಂದು ಮಾತು ಹೇಳು ಸಾಕು ಕಣೋ,” ಅಂದ ಕತ್ತರಿ. “ನೀನು, ನಿಮ್ಮಪ್ಪ, ನಿಮ್ಮಣ್ಣ, ಎಲ್ರೂ ತೆಗೆಸ್ಕೊಂಡಿದೀರಲ್ಲ.”

“ನೋಡು, ನನಗೂ ಬೇಜಾರೇ. ಆದ್ರೆ ಯೋಚನೆ ಮಾಡು. ನಮ್ಮ ದೇಶದವರೆಲ್ಲ ಕತ್ತು ತಿರುಚೋ ಜನ ಅಂದ್ಕೊಳ್ತಾರೆ ಇವರು. ದೇಶದ ಮರ್ಯಾದೆ ಪ್ರಶ್ನೆ ಇದು.”

“ದೇಶದ್ದಾ, ನಿಂದಾ?”

“ನಿನಗೆ ಕೋಪ ಬಂದಿದೆ. ಊರಿನ ವಿಷಯ ಊರಿಗೆ ಇರಲಿ. ನಾನು ಇಲ್ಲಿ ಯಾರಿಗೂ ನಿಮ್ಮಪ್ಪನ ವಿಷಯ ಹೇಳಿಲ್ಲ ತಾನೇ? ಅಷ್ಟು ಮಾಡಿದೀನಿ ನಾನು.”

ಕತ್ತರಿಗೆ ಆಗ ಅರ್ಥವಾಯಿತು, ಆ ಮೌನ ಯಾರ ಅನುಕೂಲಕ್ಕೆ ಇತ್ತು ಎಂಬುದು. ಕ್ಷೌರಿಕನ ಮಗನ ಜೊತೆ ಒಂದೇ ಬೆಂಚಿನಿಂದ ಎದ್ದು ಬಂದವನು ಎನ್ನಿಸಿಕೊಳ್ಳುವುದು ವಕೀಲರ ಮಗನಿಗೆ ಬೇಕಿರಲಿಲ್ಲ. ಇವನು ಬಚ್ಚಿಟ್ಟದ್ದನ್ನು ಅವನೂ ಜೊತೆ ಸೇರಿ ಬಚ್ಚಿಟ್ಟಿದ್ದ, ತನಗಾಗಿ.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜು, ನೀರಿನ ಲೋಟಗಳು, ಮಧ್ಯದಲ್ಲಿ ಹಿರಿಯ ಪ್ರೊಫೆಸರ್, ಆ ಕಡೆ ಈ ಕಡೆ ವಾರ್ಡನಮ್ಮ ಮತ್ತೊಬ್ಬ ಅಧಿಕಾರಿ. ಕೊಕ್ಕರೆ ಕತ್ತಿಗೆ ದಪ್ಪ ಪಟ್ಟಿ ಸುತ್ತಿಕೊಂಡು ಕೂತಿದ್ದ. ವೈದ್ಯರು ಬೇಡ ಅಂದಿದ್ದರೂ ಸುತ್ತಿಕೊಂಡಿದ್ದ.

“ನೀನು ಇದನ್ನ ಹವ್ಯಾಸ ಅಂದಿದ್ದೆಯಂತೆ,” ಅಂದರು ಪ್ರೊಫೆಸರ್. “ಕತ್ತು ತಿರುವೋದೂ ಹವ್ಯಾಸವೇ?”

ಕತ್ತರಿ ಒಂದು ಸಲ, ಅದೇ ಊರಿನವನು ಅಂತ ಸಾಕ್ಷಿಗೆ ಕರೆಸಿದ್ದ ವಕೀಲರ ಮಗನ ಕಡೆ ನೋಡಿದ. ಅವನು ನೀರು ಕುಡಿಯುತ್ತಿದ್ದ.

“ಸುಳ್ಳು ಹೇಳಿದ್ದೆ ಸಾರ್. ಹವ್ಯಾಸ ಅಲ್ಲ. ನಮ್ಮಪ್ಪ ಕ್ಷೌರಿಕ. ನಮ್ಮ ತಾತನೂ ಅದೇ. ನಡೆಯೋಕೆ ಬಂದಾಗಿಂದ ನಾನು ಆ ಅಂಗಡೀಲಿ ಬೆಳೆದಿದ್ದು. ಕಟಿಂಗ್ ಆದ ಮೇಲೆ ನೆಟಿಗೆ ತೆಗೆಯೋದು ನಮ್ಮ ಕೆಲಸದ ಕೊನೆ. ತೆಗೀದಿದ್ರೆ ಗಿರಾಕಿ ಬೈತಾನೆ. ಕೇಳದೆ ಮಾಡಿದ್ದು ನನ್ನ ತಪ್ಪು. ಕೊಲ್ಲೋಕೆ ಮಾಡಿದ್ದಲ್ಲ.”

ಪ್ರೊಫೆಸರ್ ವಕೀಲರ ಮಗನತ್ತ ತಿರುಗಿದರು. “ನಿಮ್ಮ ಊರಲ್ಲಿ ಇದು ಇದೆಯೇ?”

“ನಾನು ನೋಡಿಲ್ಲ ಸಾರ್,” ಅಂದ ವಕೀಲರ ಮಗ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. “ಕೆಲವು ವರ್ಗದ ಜನರಲ್ಲಿ ಇರಬಹುದೇನೋ.”

ಆ ಮಾತಿಗೆ ಕತ್ತರಿಯ ಹೆದರಿಕೆ ಸತ್ತುಹೋಯಿತು. ಸಾಕ್ಷ್ಯ ಅಂತ ಮೇಜಿನ ಮೇಲಿಟ್ಟಿದ್ದ ತನ್ನ ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆಯತ್ತ ಕೈ ತೋರಿಸಿದ.

“ಹೇಗೆ ಮಾಡ್ತೀವಿ ಅಂತ ತೋರಿಸಲಾ ಸಾರ್?”

ವಾರ್ಡನಮ್ಮ ತಮ್ಮ ಕತ್ತಿನ ಮೇಲೆ ಕೈಯಿಟ್ಟುಕೊಂಡರು. ಕತ್ತು ತಿರುವಕೂಡದು, ಅಲ್ಲಿಯವರೆಗಿನ ಕೆಲಸ ಮಾತ್ರ ತೋರಿಸು ಅಂತ ಪ್ರೊಫೆಸರ್ ಅಪ್ಪಣೆ ಮಾಡಿದರು. ಕುರ್ಚಿಗೆ ಯಾರು? ಕೊಕ್ಕರೆ ಗೋಡೆಗೆ ಅಂಟಿಕೊಂಡ. ಪ್ರೊಫೆಸರ್ ವಕೀಲರ ಮಗನಿಗೆ ಕೈ ತೋರಿಸಿದರು. ಅವನು ನಗುನಗುತ್ತಲೇ ಬಂದು ಕೂತ. ಇದರ ಬಗ್ಗೆ ಏನೂ ಗೊತ್ತಿಲ್ಲದವನು ಹೆದರುವುದೇಕೆ.

ಕತ್ತರಿ ಅಪ್ಪ ಕೊಟ್ಟ ಬಿಳಿ ಬಟ್ಟೆಯನ್ನು ಕೊಡವಿ ಅವನ ಕೊರಳಿಗೆ ಕಟ್ಟಿದ. ಬಾಚಣಿಗೆ ಆಡಿಸಿದ. ಕತ್ತರಿಯನ್ನು ಗಾಳಿಯಲ್ಲೇ ಕಚಕಚ ಅನ್ನಿಸಿದ, ಕಿವಿಯ ಹತ್ತಿರ, ಹಿಂದೆ, ಮತ್ತೆ ಕಿವಿಯ ಹತ್ತಿರ. ಅವಸರ ಮಾಡಲಿಲ್ಲ. ಆ ಸದ್ದಿಗೆ ವಕೀಲರ ಮಗನ ಹೆಗಲು ಕೆಳಗಿಳಿಯಿತು. ಕಣ್ಣು ಅರ್ಧ ಮುಚ್ಚಿತು. ಕತ್ತರಿ ಬಟ್ಟೆಯ ತುದಿಯಿಂದ ಕತ್ತಿನ ಹಿಂಭಾಗ ಒರೆಸಿದ. ಹೆಗಲ ಮೇಲೆ ಎರಡು ಸಲ ತಟ್ಟಿದ. ತಟ್ಟಿ, ಕೈ ಎರಡನ್ನೂ ತನ್ನ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ವಕೀಲರ ಮಗ ಗಲ್ಲ ಸಡಿಲ ಬಿಟ್ಟು ಕತ್ತನ್ನು ಎಡಕ್ಕೆ ವಾಲಿಸಿದ.

ವಾಲಿಸಿ ಕಾದ. ಯಾರೂ ಗದ್ದ ಹಿಡಿಯಲಿಲ್ಲ. ಇನ್ನಷ್ಟು ವಾಲಿಸಿದ. ಸಂತೆಯಲ್ಲಿ ಮಾರಾಟಕ್ಕಿಟ್ಟ ಕುಂಬಳಕಾಯಿಯ ಹಾಗೆ ಆ ತಲೆ ಅಲ್ಲೇ ಹೆಗಲ ಮೇಲೆ ಬಿದ್ದುಕೊಂಡಿತ್ತು.

“ನಾನು ತಿರುವಿಲ್ಲ ಸಾರ್,” ಅಂದ ಕತ್ತರಿ.

ಮೊದಲು ಅರ್ಥವಾದದ್ದು ಕೊಕ್ಕರೆಗೆ. “ಇವನು ಯಾಕೆ ಬಗ್ಗಿದ?” ಅಂತ ಕೇಳಿದ. ಕೇಳುತ್ತಾ ತನ್ನ ಕತ್ತಿನ ಪಟ್ಟಿಯನ್ನು ತಾನೇ ಬಿಚ್ಚತೊಡಗಿದ. ವಾರ್ಡನಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ವಕೀಲರ ಮಗ ಕಣ್ಣು ಬಿಟ್ಟು, ತಲೆ ನೆಟ್ಟಗೆ ಮಾಡಿ, ಕೊರಳ ಬಟ್ಟೆ ಬಿಚ್ಚಲು ಹೋಗಿ ಗಂಟನ್ನು ಇನ್ನೂ ಬಿಗಿ ಮಾಡಿಕೊಂಡ. ಕೊನೆಗೆ ಕತ್ತರಿಯೇ ಬಿಚ್ಚಬೇಕಾಯಿತು.

ಹಲ್ಲೆಯ ಆರೋಪ ಬಿದ್ದುಹೋಯಿತು. ಕೇಳದೆ ಮುಟ್ಟಬಾರದು ಅಂತ ಎಚ್ಚರಿಕೆ ಕೊಟ್ಟು ಬಿಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅವರನ್ನು ಮನುಷ್ಯರು ಅನ್ನಬಹುದಿತ್ತು. ಒಂದು ವಾರ ಕಳೆದಿಲ್ಲ, ‘ಸಂಸ್ಕೃತಿ ಸಂಜೆ’ಯ ಬಣ್ಣದ ಕಾಗದ ಗೋಡೆಗೆ ಬಂತು. ಅದರಲ್ಲಿ ‘ಪ್ರಾಚೀನ ಕತ್ತಿನ ಚಿಕಿತ್ಸೆ: ಪ್ರಾತ್ಯಕ್ಷಿಕೆ’. ಹೋದ ವಾರ ಅಪರಾಧವಾಗಿದ್ದದ್ದು ಈ ವಾರ ಪ್ರಾಚೀನವಾಗಿತ್ತು. ಸಭೆಗೆ ವಿವರಣೆ ಕೊಡಲು ಒಪ್ಪಿದ್ದವನು ಯಾರು ಅಂದರೆ ವಕೀಲರ ಮಗ. ನಾಚಿಕೆ ಎಂಬುದು ಕೆಲವರ ಮೈಗೆ ಹತ್ತುವುದೇ ಇಲ್ಲ, ಎಣ್ಣೆಗೆ ನೀರು ಹತ್ತದ ಹಾಗೆ.

ವಾರ್ಡನಮ್ಮನ ಹತ್ತಿರ ಹೋಗಿ ಕತ್ತರಿ ಅಂದ: “ಇದು ಪ್ರಾಚೀನವೂ ಅಲ್ಲ, ಚಿಕಿತ್ಸೆಯೂ ಅಲ್ಲಮ್ಮ. ತಲೆ ಬಗ್ಗಿಸಿ ಕೂತ್ರೆ ಕತ್ತು ಹಿಡ್ಕೊಳ್ಳುತ್ತೆ, ಅದಕ್ಕೆ ತೆಗೀತೀವಿ. ನಾಟಕ ಆಡೋಕೆ ನನಗೆ ಬರಲ್ಲ. ಕಟಿಂಗ್ ಬೇಕಾದ್ರೆ ಬರೋಕೆ ಹೇಳಿ.”

ಒಗೆಯುವ ಮೆಷಿನ್ನುಗಳ ಪಕ್ಕದಲ್ಲಿ ಕುರ್ಚಿ ಹಾಕಿದ. ‘ಕ್ಷೌರಿಕ’ ಅಂತ ಬರೆದ ರಟ್ಟು ನೇತುಹಾಕಿದ. ಮೊದಲು ಬಂದವನು ಕೊಕ್ಕರೆ, ಇನ್ನೂ ಅರ್ಧಕ್ಕೇ ನಿಂತಿದ್ದ ತಲೆ ಹೊತ್ತುಕೊಂಡು.

“ಕೂದಲು ಮಾತ್ರ,” ಅಂದ. “ಕತ್ತು ನನ್ನದು.”

“ಇಟ್ಕೋ,” ಅಂದ ಕತ್ತರಿ. “ನನಗ್ಯಾಕೆ ಅಷ್ಟುದ್ದದ್ದು.”

ಓದು ಮುಗಿಸಿ ಇಬ್ಬರೂ ಊರಿಗೆ ಬಂದರು. ಊರಿನ ಗಣ್ಯರು ವಕೀಲರ ಮಗನಿಂದ ‘ವಿಶ್ವ ಸಂಸ್ಕೃತಿಗಳು’ ಎಂಬ ಉಪನ್ಯಾಸ ಇಟ್ಟುಕೊಂಡರು. ಕತ್ತರಿಯನ್ನು ಕರೆಯುವುದು ಯಾರಿಗೂ ಹೊಳೆಯಲಿಲ್ಲ. ಉಪನ್ಯಾಸದ ದಿನ ಬೆಳಿಗ್ಗೆ ವಕೀಲರ ಮಗ ಎಂದಿನಂತೆ ಅಂಗಡಿಗೆ ಬಂದ. ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ಕತ್ತರಿಯನ್ನು ನೋಡಿ ಬಾಗಿಲಲ್ಲೇ ತಡೆದು ನಿಂತ. ಆದರೆ ಅಪ್ಪ ಆಗಲೇ ಕುರ್ಚಿ ಒರೆಸಿ ಬಟ್ಟೆ ಕೊಡವಿ ನಿಂತಿದ್ದ.

ಕಟಿಂಗ್ ಮುಗಿಯಿತು. ಅಪ್ಪ ಕತ್ತು ಒರೆಸಿ ಹೆಗಲ ಮೇಲೆ ಎರಡು ಸಲ ತಟ್ಟಿದ. ಕತ್ತು ಅಲ್ಲಾಡಲಿಲ್ಲ. ಅಪ್ಪ ಮತ್ತೆ ತಟ್ಟಿದ. ವಕೀಲರ ಮಗ ಕನ್ನಡಿಯಲ್ಲಿ ಬೆಂಚಿನ ಕಡೆಗೇ ಕಣ್ಣು ನೆಟ್ಟು, ಕಂಬ ನುಂಗಿದವನ ಹಾಗೆ ಕೂತಿದ್ದ. ಹಣೆಯಲ್ಲಿ ಬೆವರು.

“ಇದೇನು ಚಿಕ್ಕ ಯಜಮಾನ್ರೇ,” ಅಂದ ಏನೂ ಅರಿಯದ ಅಪ್ಪ, “ಪರದೇಶಕ್ಕೆ ಹೋಗಿ ಬಂದು ಕತ್ತು ಹಿಂಗೆ ಗಟ್ಟಿಯಾಗೋಗಿದೆ?”

ಕತ್ತರಿ ಪೇಪರ್ ಪುಟ ಮಗುಚಿದ.

“ಬಿಡಪ್ಪ. ಅದು ಅಲ್ಲಿ ಸಾಕ್ಷಿ ಹೇಳಿ ಬಂದಿದೆ. ಸುಸ್ತಾಗಿರುತ್ತೆ.”