ಹೋಲ್ಡ್ ಎಂದಾಗ ಎದ್ದ ತರಗತಿ

ಕೋವಿಡ್ ಕಳೆದು ಶಾಲೆ, ಕಚೇರಿಗಳೆಲ್ಲ ಮತ್ತೆ ಸರಿಯಾಗಿ ತೆರೆದುಕೊಂಡ ವರ್ಷ ಅದು. ಸಿರುಗುಪ್ಪದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಶಿಕ್ಷಕಿಯಾಗಿ ನಿವೃತ್ತಳಾದ ನಾನು ಬಳ್ಳಾರಿಯ ಪಾರ್ವತಿನಗರದ ಒಂದು ಮಹಿಳಾ ತರಬೇತಿ ಕೇಂದ್ರದಲ್ಲಿ ಸ್ಪೋಕನ್ ಇಂಗ್ಲಿಷ್ ಕಲಿಸುತ್ತಿದ್ದೆ. ಮನೆಯಲ್ಲಿ ಕೂತು ಧಾರಾವಾಹಿ ನೋಡುವಷ್ಟು ಸಹನೆ ನನಗಿರಲಿಲ್ಲ. ಬರುತ್ತಿದ್ದವರೆಲ್ಲ ಸಂಸಾರಸ್ಥ ಹೆಂಗಸರು. ಜೀನ್ಸ್ ಹೊಲಿಯುವವರು, ಆಸ್ಪತ್ರೆಯ ಆಯಾಗಳು, ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಲ್ಲುವವರು. ನಾಲ್ಕು ಮಾತು ಇಂಗ್ಲಿಷ್ ಬಂದರೆ ಇನ್ನೂ ಚೆನ್ನಾದ ಕೆಲಸ ಸಿಕ್ಕೀತೆಂಬ ಆಸೆ ಅವರದು.

ಅವರು ಎಡವುತ್ತಿದ್ದದ್ದು ಪದಗಳ ಜಾಗದಲ್ಲಿ. ಕನ್ನಡದಲ್ಲಿ ನಾವು ‘ಬಾಗಿಲು ಮೆಲ್ಲಗೆ ತೆಗೆ’ ಎನ್ನುತ್ತೇವೆ. ಹೇಗೆ ಎಂಬುದು ಮೊದಲು, ಕೆಲಸ ಕೊನೆಗೆ. ಇಂಗ್ಲಿಷಿನ ಅಪ್ಪಣೆಯಲ್ಲಿ ಕ್ರಿಯಾಪದವೇ ಮೊದಲು. ಹೇಗೆ ಎಂದು ತಿಳಿಸುವ ಆ್ಯಡ್ವರ್ಬ್, ಅಂದರೆ ಕ್ರಿಯಾವಿಶೇಷಣ, ಸಾಮಾನ್ಯವಾಗಿ ಅದರ ನಂತರ ಬರುತ್ತದೆ. ‘ಅಂಡ್’, ‘ಅನ್‌ಟಿಲ್’ನಂಥ ಕಂಜಂಕ್ಷನ್ ಅದರಾಚೆ ನಿಂತು ಮುಂದಿನ ಮಾತನ್ನು ಜೋಡಿಸುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಯಿತೇ ಹೊರತು ಯಾರ ತಲೆಗೂ ಹತ್ತಲಿಲ್ಲ.

ಕೊನೆಗೆ ನನ್ನ ಹಳೆಯ ಪದ್ಧತಿಗೇ ಇಳಿದೆ. ಬೆಂಚು ಬದಿಗೆ ಸರಿಸಿ ಎಲ್ಲರನ್ನೂ ಎಬ್ಬಿಸಿ ಒಂದು ಹಗ್ಗದ ಎರಡೂ ತುದಿಗೆ ನಿಲ್ಲಿಸುತ್ತಿದ್ದೆ. ‘ಹೋಲ್ಡ್’ ಎಂದು ಕೂಗಿದರೆ ಕೂಡಲೇ ಹಗ್ಗ ಹಿಡಿಯಬೇಕು, ‘ಪುಲ್’ ಎಂದರೆ ಎಳೆಯಬೇಕು. ‘ಸ್ಲೋಲಿ’ ಎಂದರೆ ನಿಧಾನಿಸಬೇಕು, ‘ಟೈಟ್ಲಿ’ ಎಂದರೆ ಹಿಡಿತ ಬಿಗಿಯಾಗಬೇಕು, ‘ಹಾರ್ಡ್’ ಎಂದರೆ ಜೋರು ಹೆಚ್ಚಬೇಕು. ‘ಅಂಡ್’ ಎಂದರೆ ಮುಂದಿನ ಅಪ್ಪಣೆಗೆ ಕಿವಿಗೊಡಬೇಕು. ‘ಅನ್‌ಟಿಲ್ ಐ ಸೇ ಸ್ಟಾಪ್’ ಎಂದರೆ ನಾನು ಸ್ಟಾಪ್ ಎನ್ನುವವರೆಗೆ ಬಿಡುವಂತಿಲ್ಲ. ಬಿಟ್ಟವರಿಗೆ ನನ್ನ ಬೈಗುಳ ತಪ್ಪುತ್ತಿರಲಿಲ್ಲ. ಕುರುಗೋಡಿನಿಂದ ಬರುತ್ತಿದ್ದ ಮಲ್ಲಮ್ಮ ಗಟ್ಟಿ ಹೆಂಗಸು. ಆಕೆ ಹಗ್ಗ ಹಿಡಿದಳೆಂದರೆ ಎದುರಿನವರು ಬಿದ್ದೇ ಬೀಳುತ್ತಿದ್ದರು. ನಮ್ಮ ನಗು ಬೀದಿಗೆಲ್ಲ ಕೇಳುತ್ತಿತ್ತು.

ನಗದವಳು ಸಿರಿಗೇರಿಯ ಹುಲಿಗೆಮ್ಮ ಒಬ್ಬಳೇ. ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನ ಕೆಲಸಕ್ಕೆ ಅವಳ ಸಂದರ್ಶನ ಹತ್ತಿರವಿತ್ತು. ಅದು ಸಿಕ್ಕರೆ ಮಗಳನ್ನು ಕರೆತಂದು ಬಳ್ಳಾರಿಯಲ್ಲೇ ರೂಮು ಮಾಡುತ್ತೇನೆ ಎಂದಿದ್ದಳು. ಆ ಮಾತು ಗಂಡ ಎರ್ರಿಸ್ವಾಮಿಯ ಕಿವಿಗೂ ಬಿದ್ದಿತ್ತು. ಒಂದು ಸೋಮವಾರ ಅವಳು ಬಂದಾಗ ಬಲಗೈಯ ಎರಡು ಬೆರಳು ಊದಿ ನೀಲಿಗಟ್ಟಿದ್ದವು.

“ಏನಾತು?” ಎಂದೆ.

“ಬಾಗ್ಲಾಗ ಸಿಕ್ಕಿದ್ವು ಟೀಚರ್.”

“ತಾವಾಗೇ ಸಿಕ್ಕಿದ್ವೋ, ಯಾರಾರ ಸಿಗಿಸಿದ್ರೋ?”

“ನನ್ ಗಂಡ ಬರಿಯೋ ಕೈ ಯಾವ್ದು ಅಂತ ಕೇಳಿದ್ನ್ರಿ. ಆಮ್ಯಾಲೆ ಬಾಗ್ಲ ಹಾಕಿದ.”

ಪೊಲೀಸರ ಹತ್ತಿರ ಹೋಗೋಣ ನಡೆ ಎಂದರೆ ಬೇಡವೇ ಬೇಡ ಎಂದು ಕಾಲಿಗೆ ಬಿದ್ದಳು. ಮಗಳು ಸಿರಿಗೇರಿಯಲ್ಲಿ ಅತ್ತೆಯ ಕೈಯಲ್ಲಿದ್ದಳು. ದೂರು ಕೊಟ್ಟರೆ ಮಗು ಸಿಗುವುದಿಲ್ಲ ಎಂಬುದೇ ಅವಳ ಹೆದರಿಕೆ. ಎಡಗೈಯಲ್ಲಿ ಪೆನ್ನು ಹಿಡಿದು ಬರೆಯಲು ಕೂತಳು.

ಎರ್ರಿಸ್ವಾಮಿ ಬಂದದ್ದು ಅದೇ ವಾರ, ಹಾಡುಹಗಲು. ಬಾಗಿಲಲ್ಲಿ ನಿಂತು ಎಲ್ಲರ ಮುಖ ನೋಡಿದವನು ನೇರ ಹುಲಿಗೆಮ್ಮನ ಜಡೆಗೆ ಕೈ ಹಾಕಿದ. “ಇಂಗ್ಲಿಷ್ ಬೇಕೇನಲೇ ನಿನಗ? ಬಾ, ನಾ ಕಲಿಸ್ತೀನಿ” ಎನ್ನುತ್ತ ಅವಳ ಹಣೆಯನ್ನು ಬೆಂಚಿನ ಅಂಚಿಗೆ ಬಡಿದ. ಎರಡನೆಯ ಏಟಿಗೆ ಹುಬ್ಬು ಸೀಳಿ ರಕ್ತ ಕುತ್ತಿಗೆಯವರೆಗೆ ಇಳಿಯಿತು. ಅವಳು ಕೈಗಳಿಂದ ತಲೆ ಮುಚ್ಚಿಕೊಂಡು ಕುಗ್ಗಿದಳು. ನಾನು ಹೋಗಿ ಅವನ ತೋಳು ಹಿಡಿದೆ. ಹೊಟ್ಟೆಗೇ ಒದ್ದ. ಗೋಡೆಗೆ ಬಡಿದು ಬಿದ್ದ ನಾನು ಏಳುವಷ್ಟರಲ್ಲಿ ಬೆನ್ನಿಗೆ ಸಿಕ್ಕಿಸಿಕೊಂಡಿದ್ದ ಕುಡುಗೋಲು ಅವನ ಕೈಗೆ ಬಂದಿತ್ತು.

“ಹಿಡೀರೇ! ಯಾರಾರ ಹಿಡೀರೇ ಅವನ್ನ!” ಎಂದು ಕಿರುಚಿದೆ.

ಯಾರೂ ಕದಲಲಿಲ್ಲ. ಅಷ್ಟೂ ಜನ ಗೋಡೆಗೆ ಒತ್ತಿಕೊಂಡು, ಏಟು ತಮಗೇ ಬೀಳುತ್ತಿರುವಂತೆ ಕೈ ತಲೆಯ ಮೇಲಿಟ್ಟು ನಿಂತಿದ್ದರು. ಅಂಥ ಕಿರುಚಾಟ ಅವರಿಗೆ ಹೊಸದಲ್ಲ. ಓಣಿಯಲ್ಲಿ ಕೇಳಿದ್ದರು, ಕೆಲವರು ತಮ್ಮ ಬಾಯಿಂದಲೇ ಕೇಳಿದ್ದರು. ಕೇಳಿದಾಗ ಮೈ ಮುದುಡಿಕೊಳ್ಳುವುದು ರೂಢಿಯಾಗಿಬಿಟ್ಟಿತ್ತು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಪಾಠ ಒಪ್ಪಿಸದವರ ಮೇಲೆ ಬರುವ ಸಿಟ್ಟೇ ಅದು, ದನಿಯೂ ಅದೇ ಹೊರಬಿತ್ತು.

“ಹೋಲ್ಡ್!”

ಮಲ್ಲಮ್ಮನ ಕೈ ಅವನ ಮಣಿಕಟ್ಟನ್ನು ಹಿಡಿದಿತ್ತು. ಆಕೆ ಯೋಚಿಸಿ ಹಿಡಿದದ್ದಲ್ಲ, ಆಕೆಯ ಮುಖದಲ್ಲಿ ಇನ್ನೂ ಹೆದರಿಕೆಯೇ ಇತ್ತು. ಪಕ್ಕದವರು ಅವನ ಅಂಗಿ ಹಿಡಿದರು, ಅವರ ಪಕ್ಕದವರು ಕಾಲು.

“ಟೈಟ್ಲಿ!” ಎಂದೆ. ಅವನು ಕುಡುಗೋಲು ತಿರುಗಿಸಿ ಜಗ್ಗಿದ, ಮಲ್ಲಮ್ಮನ ಮುಂಗೈ ಮೊಣಕೈವರೆಗೆ ಸೀಳಿತು. ಆಕೆ ಬಿಡಲಿಲ್ಲ.

“ಅಂಡ್ ಪುಲ್! ಹಾರ್ಡ್!”

ಅಷ್ಟೂ ಜನ ಒಂದೇ ಸಲ ಎಳೆದರು. ಅವನ ಭುಜದಲ್ಲಿ ಏನೋ ಲಟಕ್ಕೆಂದಿತು. ಬೋರಲು ಬಿದ್ದ ರಭಸಕ್ಕೆ ಮುಂದಿನ ಹಲ್ಲು ಮುರಿಯಿತು, ಕುಡುಗೋಲು ನನ್ನ ಕಾಲ ಬಳಿ ಬಂತು. “ಹೋಲ್ಡ್, ಅನ್‌ಟಿಲ್ ಐ ಸೇ ಸ್ಟಾಪ್!” ಎಂದೆ. ಬೆನ್ನಿನ ಮೇಲೆ ಕೂತರು, ಕಾಲಿನ ಮೇಲೆ ಕೂತರು. ಆಮೇಲೆ ಯಾರೋ ಒದ್ದರು. ಇನ್ನೊಬ್ಬರು ಚಪ್ಪಲಿ ತೆಗೆದರು. ಆ ಕ್ರಿಯಾಪದಗಳನ್ನು ನಾನು ಹೇಳಿಯೂ ಇರಲಿಲ್ಲ, ಕಲಿಸಿಯೂ ಇರಲಿಲ್ಲ. ಅಳುತ್ತ ಹೊಡೆಯುತ್ತಿದ್ದರು, ಒಬ್ಬಾಕೆ ಬೇರೆ ಯಾರದೋ ಹೆಸರು ಹಿಡಿದು ಬೈಯುತ್ತಿದ್ದಳು. ಸ್ಟಾಪ್ ಎನ್ನಲು ನಾನೇನೂ ಅವಸರ ಮಾಡಲಿಲ್ಲ. ಹೀಗೆ ಹೇಳಲು ನನಗೆ ನಾಚಿಕೆಯೂ ಇಲ್ಲ.

ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು. ಹೊಲಿಗೆ ಹಾಕಿಸಿಕೊಂಡು ಹುಲಿಗೆಮ್ಮ ಠಾಣೆಗೆ ಬರುವಷ್ಟರಲ್ಲಿ ಅತ್ತೆ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಕೂತಿದ್ದಳು.

“ಕುಡ್ದಿದ್ದ ಸಾಹೇಬ್ರೇ, ತಲಿ ಕೆಟ್ಟಿತ್ತು. ಇಕಿ ಎದುರು ಮಾತಾಡ್ತಾಳ, ಅದಕ್ಕ...” ಎಂದು ಅತ್ತೆ ಶುರು ಮಾಡಿದಳು. ಸೊಸೆಯ ಕಡೆ ತಿರುಗಿ, “ಕೇಸ್ ಕೊಟ್ಟಿಯಂದ್ರ ಈ ಕೂಸಿನ ಮಕಾ ನೋಡಂಗಿಲ್ಲ ನೀನು” ಎಂದಳು.

ಸಬ್ ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. “ನೋಡಮ್ಮಾ, ಗಂಡ ಹೆಂಡ್ತಿ ವಿಷಯ. ಬುದ್ಧಿ ಹೇಳಿ ಕಳಿಸ್ಲೇನು?”

ನಾನು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಎದ್ದಳು. ಊದಿದ ಬೆರಳುಗಳಿಂದಲೇ ಮಗುವನ್ನು ಅತ್ತೆಯ ಸೊಂಟದಿಂದ ಬಿಡಿಸಿಕೊಂಡಳು. ಮುದುಕಿ ಜಗ್ಗಿದಳು, ಇವಳು ಬಿಡಲಿಲ್ಲ.

“ಬರ್ಕಳ್ರಿ ಸರ್” ಎಂದಳು. “ಕುಡಗೋಲು ತಂದಿದ್ದ. ನನ್ನ ಕಡಿಯಾಕ ಬಂದಿದ್ದ. ಯಾಕಂತ ಅವನ್ನ ಕೇಳ್ರಿ, ನನ್ನ ಕೇಳಬ್ಯಾಡ್ರಿ.”

ಅವರು ಪೆನ್ನು ಎತ್ತಿಕೊಂಡರು. ಎರ್ರಿಸ್ವಾಮಿ ಜೈಲಿಗೆ ಹೋದ. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದರಿಂದ ಹುಲಿಗೆಮ್ಮನಿಗೆ ಆ ಸಂದರ್ಶನ ತಪ್ಪಿತು. ಮುಂದೆ ಬೇರೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ತಾಯಿ ಮಗಳು ಈಗ ಬಳ್ಳಾರಿಯಲ್ಲೇ ಇದ್ದಾರೆ. ಅವಳ ಒಂದು ಬೆರಳು ಇವತ್ತಿಗೂ ಮಡಚುವುದಿಲ್ಲ.

ಧೈರ್ಯ ಕೆಲವರಿಗೆ ಹುಟ್ಟಿನಿಂದ ಬಂದಿರುತ್ತದೆ, ಉಳಿದವರಿಗೆ ಇರುವುದಿಲ್ಲ ಎಂದೇ ನಾನು ತಿಳಿದಿದ್ದೆ. ಆದರೆ ಗೋಡೆಗೆ ಒತ್ತಿ ನಿಂತವರೂ ಅವನನ್ನು ಕೆಡವಿದವರೂ ಅದೇ ಹೆಂಗಸರು. ಹೆದರುವುದನ್ನು ನಮ್ಮ ಹೆಣ್ಣುಮಕ್ಕಳಿಗೆ ಮನೆಯಲ್ಲಿ ದಿನವೂ ಅಭ್ಯಾಸ ಮಾಡಿಸುತ್ತಾರೆ. ಅದನ್ನು ಬಿಡಿಸಲು ಉಪದೇಶ ಸಾಲದು, ಇನ್ನೊಂದು ಅಭ್ಯಾಸವೇ ಬೇಕು. ಅದನ್ನೂ ನಾಲ್ಕು ಜನ ಸೇರಿ, ನಗುನಗುತ್ತ, ಏನೂ ಆಗದ ದಿನಗಳಲ್ಲೇ ಮಾಡಿಟ್ಟುಕೊಳ್ಳಬೇಕು.